ನಮ್ಮ ನಂದಿ: ನೆಲ, ನೀರು, ಚರಿತ್ರೆ

ನಂದಿ ಎಂದೊಡನೆ ಎಲ್ಲರಿಗೂ ನೆನಪಾಗುವುದು ಬೆಟ್ಟ. ರಜಾ ದಿನಗಳಲ್ಲಿ ಬೆಂಗಳೂರಿನಿಂದ ಬಂದವರು ಮೇಲೆ ಹೋಗಿ ಸೂರ್ಯೋದಯವನ್ನು ನೋಡಿ ಹಿಂದಿರುಗುತ್ತಾರೆ. ಬುಡದಲ್ಲಿರುವ ಊರನ್ನು ನೋಡುವವರು ಕಡಮೆ. ಚಿಕ್ಕಬಳ್ಳಾಪುರ ತಾಲ್ಲೂಕಿನ ಒಂದು ಹೋಬಳಿಯ ಕೇಂದ್ರವಾದ ಈ ಗ್ರಾಮದ ಭೂಗೋಳವನ್ನೂ ಚರಿತ್ರೆಯನ್ನೂ ಸಹಪಾಠಿಗಳಿಗೆ ಸಂಕ್ಷೇಪವಾಗಿ ತಿಳಿಸುವುದು ನನ್ನ ಉದ್ದೇಶ. ಇವೆರಡನ್ನೂ ಕೂಡಿಸುವ ವಸ್ತು ಒಂದಿದೆ, ಅದು ನೀರು.

ಮೊದಲು ಭೂಗೋಳ. ನಂದಿಬೆಟ್ಟದ ಎತ್ತರ ಸಮುದ್ರಮಟ್ಟದಿಂದ 4,851 ಅಡಿ. ಅದರ ನೆರೆಯಲ್ಲಿ ಚನ್ನಗಿರಿ, ಬ್ರಹ್ಮಗಿರಿ, ದಿವ್ಯಗಿರಿ, ಸ್ಕಂದಗಿರಿ ಎಂಬ ಬೆಟ್ಟಗಳಿವೆ. ಹೆಂಚಿನ ಮನೆಯ ನೆತ್ತಿಯ ಮೇಲೆ ಬಿದ್ದ ಮಳೆ ಎರಡೂ ಕಡೆಗೆ ಇಳಿಯುವಂತೆ, ಈ ಸಾಲಿನ ಮೇಲೆ ಬಿದ್ದ ನೀರು ನಾನಾ ದಿಕ್ಕಿಗೆ ಹರಿದುಹೋಗುತ್ತದೆ. ಉತ್ತರ ಪಿನಾಕಿನಿ ಗೌರಿಬಿದನೂರಿನ ಮೇಲೆ ಆಂಧ್ರಕ್ಕೆ, ದಕ್ಷಿಣ ಪಿನಾಕಿನಿ ಹೊಸಕೋಟೆಯ ಮೇಲೆ ತಮಿಳುನಾಡಿಗೆ, ಅರ್ಕಾವತಿ ದೊಡ್ಡಬಳ್ಳಾಪುರದ ಮೇಲೆ ಕಾವೇರಿಗೆ ಹೋಗುತ್ತವೆ. ಚಿತ್ರಾವತಿ ಬಾಗೇಪಲ್ಲಿಯನ್ನು ದಾಟಿ ಮುಂದೆ ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಇಷ್ಟು ನದಿಗಳ ತವರಾದರೂ ವರ್ಷವಿಡೀ ಹರಿಯುವ ನದಿ ನಮ್ಮ ಜಿಲ್ಲೆಯಲ್ಲಿ ಒಂದೂ ಇಲ್ಲ. ಹುಟ್ಟಿದ ಸ್ಥಳದಲ್ಲಿ ಹೊಳೆ ಸಣ್ಣದು, ಮಳೆ ಮಿತವಾದುದು, ಕೆಳಗಿರುವುದು ನೀರನ್ನು ಹೆಚ್ಚಾಗಿ ಹಿಡಿದಿಡದ ಗಟ್ಟಿ ಬಂಡೆ. ಆದುದರಿಂದಲೇ ಹಿಂದಿನವರು ಹಳ್ಳಕ್ಕೆ ಅಡ್ಡವಾಗಿ ಏರಿ ಕಟ್ಟಿ, ಒಂದು ಕೆರೆಯ ಕೋಡಿ ಮತ್ತೊಂದು ಕೆರೆಗೆ ಬೀಳುವಂತೆ ಮಾಡಿದರು.

ಇನ್ನು ಚರಿತ್ರೆ. ಕ್ರಿ. ಶ. 806ರ ನೊಳಂಬರ ಕಾಲದ ಶಾಸನವೊಂದು ಇಲ್ಲಿಯ ದೇವಾಲಯವನ್ನು ಹೇಳುತ್ತದೆ. 810ರ ತಾಮ್ರಶಾಸನದಲ್ಲಿ ಬಾಣ ಅರಸ ವಿದ್ಯಾಧರನ ರಾಣಿ ರತ್ನಾವಳಿಯ ಹೆಸರು ಬರುತ್ತದೆ. ಅನಂತರ ಚೋಳರು, ಹೊಯ್ಸಳರು, ವಿಜಯನಗರದವರು ಇದನ್ನು ಬೆಳೆಸಿದರು. ಕೆಳಗೆ ಭೋಗನಂದೀಶ್ವರ, ಬೆಟ್ಟದ ಮೇಲೆ ಯೋಗನಂದೀಶ್ವರ. ದೇವಾಲಯದ ಪಕ್ಕದ ಕಲ್ಯಾಣಿಗೆ ಶೃಂಗಿತೀರ್ಥವೆಂದು ಹೆಸರು. ನಂದಿಯು ಕೊಂಬಿನಿಂದ ನೆಲವನ್ನು ತಿವಿದು ಗಂಗೆಯನ್ನು ಬರಿಸಿದನೆಂದು ಐತಿಹ್ಯ. ಈ ನಾಡಿನ ಜನ ದೇವರಲ್ಲಿ ಏನನ್ನು ಬೇಡಿದರೆಂಬುದಕ್ಕೆ ಈ ಕಥೆಯೇ ಸಾಕ್ಷಿ.

ಬೆಟ್ಟದ ಕೋಟೆಯನ್ನು ಹೈದರ್ ಮತ್ತು ಟಿಪ್ಪು ಬಲಪಡಿಸಿದರು. ಕೋಟೆಗೆ ಕಲ್ಲಿನಷ್ಟೇ ನೀರೂ ಮುಖ್ಯ. ಮೇಲಿರುವ ಅಮೃತಸರೋವರವನ್ನು ನೋಡಿದರೆ ಇದು ತಿಳಿಯುತ್ತದೆ. ಮೂರನೆಯ ಮೈಸೂರು ಯುದ್ಧದಲ್ಲಿ, 1791ರ ಅಕ್ಟೋಬರ್ 19ರಂದು, ಕಾರ್ನ್‌ವಾಲಿಸನ ಸೈನ್ಯ ಅದನ್ನು ಹಿಡಿಯಿತು. ಮುಂದೆ ಬ್ರಿಟಿಷ್ ಅಧಿಕಾರಿಗಳು ತಂಪಿಗಾಗಿ ಮೇಲೆ ಬಂಗಲೆಗಳನ್ನು ಕಟ್ಟಿದರು. ಗಾಂಧೀಜಿಯವರು 1927ರಲ್ಲಿಯೂ 1936ರಲ್ಲಿಯೂ ಇಲ್ಲಿ ವಿಶ್ರಾಂತಿ ಪಡೆದರು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಅರ್ಕಾವತಿಗೆ ಅಡ್ಡವಾಗಿ 1894ರಲ್ಲಿ ಹೆಸರಘಟ್ಟದಲ್ಲಿಯೂ 1933ರಲ್ಲಿ ತಿಪ್ಪಗೊಂಡನಹಳ್ಳಿಯಲ್ಲಿಯೂ ಜಲಾಶಯಗಳಾದವು. ಹೀಗೆ ನಂದಿಯ ಮಳೆ ಬಹುಕಾಲ ಬೆಂಗಳೂರಿನ ನಲ್ಲಿಗಳಲ್ಲಿ ಬಂದಿತು. ಈ ನಡುವೆ ನಮ್ಮಲ್ಲಿ ದ್ರಾಕ್ಷಿ, ಹೂವು, ಹಿಪ್ಪುನೇರಳೆ ಬೆಳೆಗಳಿಗಾಗಿ ಕೊಳವೆಬಾವಿಗಳು ಹೆಚ್ಚಿದವು. ನಮ್ಮ ತಾತನವರು ಕಪಿಲೆ ಹೊಡೆಯುತ್ತಿದ್ದ ಬಾವಿಯಲ್ಲಿ ನಾನು ನೀರನ್ನು ಕಂಡದ್ದಿಲ್ಲ. ಈಗ ಸಾವಿರ ಅಡಿ ಕೊರೆದರೂ ಸಿಕ್ಕೀತೆಂಬ ಭರವಸೆಯಿಲ್ಲ.

ಈಚೆಗೆ ಹೆಬ್ಬಾಳ-ನಾಗವಾರ ಕಣಿವೆ ಯೋಜನೆಯಿಂದ ಬೆಂಗಳೂರು ಬಳಸಿ ಬಿಟ್ಟ ನೀರನ್ನು ಎರಡು ಹಂತಗಳಲ್ಲಿ ಶುದ್ಧಿಮಾಡಿ, ಕಂದವಾರದ ಕೆರೆ ಮೊದಲಾದುವುಗಳಿಗೆ ತುಂಬುತ್ತಿದ್ದಾರೆ. ಅಂತರ್ಜಲ ಏರಲೆಂಬುದೇ ಇದರ ಗುರಿ. ಮೂರನೆಯ ಹಂತದ ಶುದ್ಧೀಕರಣವೂ ಆಗಬೇಕೆಂದು ರೈತರು ಕೇಳುತ್ತಿದ್ದಾರೆ. ಒಂದು ಕಾಲದಲ್ಲಿ ತಿಳಿನೀರನ್ನು ಕಳುಹಿಸಿದ ಸೀಮೆ ಇಂದು ಬಳಸಿದ ನೀರನ್ನು ಪಡೆಯುತ್ತಿದೆ. ತುಂಬಿದ ಕೆರೆಯನ್ನು ಕಂಡು ಸಂತೋಷಪಡದವರಿಲ್ಲ. ಆದರೆ ಕೇಳಿದವರ ಮಾತು ನ್ಯಾಯವಾದುದೆಂದೇ ನನ್ನ ಭಾವನೆ.

ಬಂದ ನೀರು ಎಂಥದೇ ಇರಲಿ, ಬೆಟ್ಟದ ಮೇಲೆ ಬೀಳುವ ಮಳೆ ಮಾತ್ರ ಇಂದಿಗೂ ನಮ್ಮದೇ. ಅದು ಇಳಿದುಬರುವ ಕಾಲುವೆಗಳು ಒತ್ತುವರಿಯಾಗದೆ, ಕೆರೆಗಳಲ್ಲಿ ಹೂಳು ನಿಲ್ಲದೆ ಇದ್ದರೆ ಅದರಲ್ಲಿ ಒಂದು ಪಾಲು ಇಲ್ಲಿಯೇ ನಿಂತೀತು. ಮುಂದಿನ ಶಿವರಾತ್ರಿಯ ಜಾತ್ರೆಗೆ ನಂದಿಗೆ ಬರುವ ಗೆಳೆಯರು ತೇರನ್ನು ನೋಡಿದ ಮೇಲೆ ಕೆರೆಯ ಏರಿಯ ಮೇಲೂ ಒಮ್ಮೆ ನಡೆದು ಬರಬೇಕೆಂದು ಕೋರುತ್ತೇನೆ.