ನಿಮಗಿದು ಗೊತ್ತೇ? ರಾಜನ ತಮ್ಮನಿಗೊಂದು ಬಿರುದು

ಫ್ರಾನ್ಸಿನಲ್ಲಿ ರಾಜನ ಹಿರಿಯ ಮಗನಿಗೆ ಪಟ್ಟ. ಕಿರಿಯವನ ಕೈಗೂ ಏನಾದರೂ ಹಾಕಬೇಕಲ್ಲ? ಒಂದು ಸೀಮೆಯ ಆದಾಯ, ಒಂದು ಅರಮನೆ, ಜೊತೆಗೊಂದು ಬಿರುದು. ಹೀಗೆ ಕೊಟ್ಟ ಬಿರುದುಗಳಲ್ಲಿ ಅತಿ ಹೆಚ್ಚು ಗಲಾಟೆ ಎಬ್ಬಿಸಿದ್ದು 'ಓರ್ಲಿಯನ್ಸ್ ಡ್ಯೂಕ್'. ಲುವಾರ್ ನದಿ ದಂಡೆಯ ಊರಿನ ಹೆಸರಿನ ಈ ಪದವಿಯನ್ನು 1344ರಲ್ಲಿ ಮೊದಲು ಪಡೆದವನು ಆರನೇ ಫಿಲಿಪ್ ದೊರೆಯ ಕಿರಿಮಗ. ಅವನ ಹೆಸರೂ ಫಿಲಿಪ್ಪೇ, ವಯಸ್ಸು ಇನ್ನೂ ಎಂಟು ತುಂಬಿರಲಿಲ್ಲ. ಗಂಡು ಸಂತಾನವಿಲ್ಲದೆ ಸತ್ತರೆ ಎಲ್ಲವೂ ವಾಪಸ್ ರಾಜನಿಗೆ ಎಂಬುದು ಕರಾರು. 1375ರಲ್ಲಿ ಹಾಗೇ ಆಯಿತು. ತಮ್ಮ ತೃಪ್ತನಾಗಿರಲಿ, ಅಣ್ಣ ನೆಮ್ಮದಿಯಿಂದ ಆಳಲಿ ಎಂಬುದು ಏರ್ಪಾಡಿನ ಉದ್ದೇಶ. ಮುಂದಿನ ಐನೂರು ವರ್ಷ ನಡೆದದ್ದು ಬಹುಪಾಲು ಇದಕ್ಕೆ ತದ್ವಿರುದ್ಧ.

ಎರಡನೆಯ ಸಲ ಪದವಿ ಸಿಕ್ಕಿದ್ದು 1392ರಲ್ಲಿ, ಆರನೇ ಚಾರ್ಲ್ಸ್ ದೊರೆಯ ತಮ್ಮ ಲೂಯಿಗೆ. ಮರುವರ್ಷ ಜನವರಿ 28ರ ರಾತ್ರಿ ಪ್ಯಾರಿಸಿನಲ್ಲೊಂದು ಮದುವೆಯ ಔತಣ. ರಾಜನೂ ಐವರು ಗೆಳೆಯರೂ ಕಾಡುಮನುಷ್ಯರ ವೇಷ ಹಾಕಿ ಕುಣಿಯಲು ಬಂದರು. ಮೈಗಂಟಿದ ಬಟ್ಟೆಗೆ ರಾಳ ಬಳಿದು ಅದರ ಮೇಲೆ ನಾರು ಅಂಟಿಸಿದ ವೇಷ. ದೀವಟಿಗೆಯವರು ಹತ್ತಿರ ಸುಳಿಯಕೂಡದು ಎಂದು ಮೊದಲೇ ಕಟ್ಟಪ್ಪಣೆಯಾಗಿತ್ತು. ತಡವಾಗಿ ಬಂದ ಲೂಯಿ, ವೇಷದೊಳಗೆ ಯಾರಿದ್ದಾರೆಂದು ನೋಡಲು ದೀವಟಿಗೆ ಹಿಡಿದೇ ಹತ್ತಿರ ಹೋದ. ಕಿಡಿ ತಗುಲಿತು. ನಾಲ್ವರು ಸುಟ್ಟು ಸತ್ತರು. ಒಬ್ಬ ನೀರಿನ ತೊಟ್ಟಿಗೆ ಹಾರಿ ಬದುಕಿದ. ರಾಜ ಉಳಿದದ್ದು ಅವನ ಚಿಕ್ಕಮ್ಮ, ಬೆರಿ ಸೀಮೆಯ ಡಚೆಸ್, ತನ್ನ ಅಗಲವಾದ ಲಂಗವನ್ನು ಅವನ ಮೇಲೆ ಹಾಕಿ ಕಿಡಿ ಆರಿಸಿದ್ದರಿಂದ. ಅಣ್ಣನನ್ನು ಮುಗಿಸಲು ಲೂಯಿ ಬೇಕೆಂದೇ ಮಾಡಿದನೇ? ಊರು ಹಾಗೆಯೇ ಆಡಿಕೊಂಡಿತು. ಅವನು ಪ್ರಾಯಶ್ಚಿತ್ತವೆಂದು ಒಂದು ಪ್ರಾರ್ಥನಾ ಮಂದಿರ ಕಟ್ಟಿಸಿದ.

ಅದೇ ಲೂಯಿ 1407ರ ನವೆಂಬರ್ 23ರ ರಾತ್ರಿ ರಾಣಿಯನ್ನು ಕಂಡು ಹೊರಟಾಗ ಬೀದಿಯಲ್ಲೇ ಕೊಲೆಯಾದ. ಕೊಲೆಗಾರರನ್ನು ಕಳಿಸಿದವನು ದಾಯಾದಿ, ಬರ್ಗಂಡಿಯ ಡ್ಯೂಕ್ ಜಾನ್. ಅವನು ಶವಸಂಸ್ಕಾರಕ್ಕೂ ಬಂದಿದ್ದ. ಕೆಲವೇ ದಿನಗಳಲ್ಲಿ ತಪ್ಪೊಪ್ಪಿಕೊಂಡು ಪ್ಯಾರಿಸ್ ಬಿಟ್ಟು ಓಡಿದ. ಮರುವರ್ಷ ಒಬ್ಬ ದೇವಶಾಸ್ತ್ರ ಪಂಡಿತನಿಂದ, ಸರ್ವಾಧಿಕಾರಿಯನ್ನು ಕೊಲ್ಲುವುದು ಪುಣ್ಯದ ಕೆಲಸ ಎಂದು ಗಂಟೆಗಟ್ಟಲೆ ವಾದ ಮಾಡಿಸಿದ! 1419ರಲ್ಲಿ ಮೊಂಟ್ರೋ ಊರಿನ ಸೇತುವೆಯ ಮೇಲೆ ಅವನ ತಲೆಗೂ ಕೊಡಲಿ ಏಟು ಬಿತ್ತು. ನೂರು ವರ್ಷದ ನಂತರ ದಿಜಾನ್‌ನಲ್ಲಿ ಆ ತಲೆಬುರುಡೆಯನ್ನು ರಾಜನಿಗೆ ತೋರಿಸಿದ ಸಂನ್ಯಾಸಿಯೊಬ್ಬ, ಇಂಗ್ಲಿಷರು ಫ್ರಾನ್ಸಿನೊಳಗೆ ನುಗ್ಗಿದ್ದು ಇದೇ ತೂತಿನಿಂದ ಎಂದನಂತೆ. ಕತೆ ನಿಜವಿರಲಿ ಬಿಡಲಿ, ಮಾತು ನಿಜ. ದಾಯಾದಿ ಜಗಳದಿಂದ ದೇಶ ಎರಡು ಪಾಲಾಗಿದ್ದಾಗಲೇ ಇಂಗ್ಲೆಂಡಿನ ಐದನೇ ಹೆನ್ರಿ ದಂಡೆತ್ತಿ ಬಂದದ್ದು.

ಇಪ್ಪತ್ತೈದು ವರ್ಷ ಸೆರೆಯಲ್ಲಿ ಕಳೆದ ಕವಿ ಡ್ಯೂಕ್ ಗೊತ್ತೇ? ಕೊಲೆಯಾದ ಲೂಯಿಯ ಮಗ ಚಾರ್ಲ್ಸ್. 1415ರ ಅಜಿಂಕೋರ್ಟ್ ಕದನದಲ್ಲಿ ಹೆಣಗಳ ರಾಶಿಯ ಅಡಿಯಿಂದ ಇಂಗ್ಲಿಷರು ಅವನನ್ನು ಜೀವಂತ ಎಳೆದು ತೆಗೆದಾಗ ವಯಸ್ಸು 20. ಬಿಡುಗಡೆಯಾದದ್ದು 1440ರಲ್ಲಿ. ಅಷ್ಟರಲ್ಲಿ ಫ್ರೆಂಚ್ ಮಾತ್ರವಲ್ಲ, ಸೆರೆಯಿಟ್ಟವರ ಭಾಷೆಯಲ್ಲೂ ಕವಿತೆ ಕಟ್ಟುವಷ್ಟು ಪಳಗಿದ್ದ. ಅವನ ಕವಿತೆಗಳ ಒಂದು ಹಸ್ತಪ್ರತಿ ಬ್ರಿಟಿಷ್ ಲೈಬ್ರರಿಯಲ್ಲಿದೆ. ಅದರ ಒಂದು ಪುಟದಲ್ಲಿ ಲಂಡನ್ ಟವರಿನ ಬಣ್ಣದ ಚಿತ್ರ. ಹಿಂದೆ ಸೇತುವೆ, ಮುಂದೆ ನದಿ, ನಡುವೆ ಬಿಳಿ ಕೋಟೆ. ಆ ಒಂದೇ ಚಿತ್ರದಲ್ಲಿ ಡ್ಯೂಕ್ ಹಲವು ಸಲ ಕಾಣುತ್ತಾನೆ: ಒಂದು ಕಡೆ ಬರೆಯುತ್ತ ಕುಳಿತಿದ್ದಾನೆ, ಇನ್ನೊಂದು ಕಡೆ ಕಿಟಕಿಯಿಂದ ಹೊರಗೆ ನೋಡುತ್ತಿದ್ದಾನೆ, ಮತ್ತೊಂದು ಕಡೆ ಕುದುರೆಯೇರಿ ಹೊರಟಿದ್ದಾನೆ. ಜಗತ್ತಿನ ಮೊದಲ ವ್ಯಾಲೆಂಟೈನ್ ಕವಿತೆ ಇವನದ್ದೇ ಎಂಬ ಮಾತು ಪ್ರತಿ ಫೆಬ್ರವರಿಯಲ್ಲೂ ಸುತ್ತು ಹೊಡೆಯುತ್ತದೆ. ನಂಬಬೇಡಿ. ಚಾಸರ್ ಆ ದಿನವನ್ನು ಕವಿತೆಗೆ ತಂದಾಗ ಈ ಚಾರ್ಲ್ಸ್ ಹುಟ್ಟಿರಲೇ ಇಲ್ಲ.

ಚಾರ್ಲ್ಸನಿಗಿಂತ ಪಾಪ ಅವನ ತಮ್ಮ ಜಾನ್. ಒತ್ತೆಯಾಳಾಗಿ 1412ರಲ್ಲಿ ಇಂಗ್ಲೆಂಡಿಗೆ ಹೋದವನು ಮರಳಿದ್ದು 1445ರಲ್ಲಿ.

ಜೋನ್ ಆಫ್ ಆರ್ಕ್ 1429ರ ಮೇ ತಿಂಗಳಲ್ಲಿ ಬಿಡಿಸಿದ ಓರ್ಲಿಯನ್ಸ್ ಇದೇ ಚಾರ್ಲ್ಸನ ಊರು. ಒಡೆಯನನ್ನು ಸೆರೆಯಲ್ಲಿಟ್ಟು ಅವನ ಊರಿಗೇ ಮುತ್ತಿಗೆ ಹಾಕುವುದು ಕ್ಷಾತ್ರಧರ್ಮಕ್ಕೆ ಸಲ್ಲದ ನಡೆ ಎಂದು ಅಂದಿನವರೇ ಬೈದುಕೊಂಡಿದ್ದರು. ಊರಿನ ಒಳಗಿದ್ದು ಕಾದವನು ಡ್ಯೂಕನ ಮಲತಮ್ಮ ದ್ಯೂನ್ವಾ. ಹುಟ್ಟು ಮದುವೆಯಾಚೆಯದು, ಕಟ್ಟಾಳುತನದಲ್ಲಿ ಮಾತ್ರ ಮನೆಯವರೆಲ್ಲರಿಗಿಂತ ಮೇಲು.

ಹನ್ನೊಂದನೇ ಲೂಯಿ ದೊರೆಗೆ ಓರ್ಲಿಯನ್ಸ್ ಮನೆತನ ನಿರ್ವಂಶವಾಗಬೇಕಿತ್ತು. ಅದಕ್ಕೆ ಅವನು ಕಂಡುಕೊಂಡ ಉಪಾಯ: ಅಂಗವೈಕಲ್ಯವಿದ್ದ ತನ್ನ ಮಗಳು ಜೋನಳಿಗೆ ಮಕ್ಕಳಾಗುವುದಿಲ್ಲ ಎಂದು ಲೆಕ್ಕ ಹಾಕಿ, 14 ವರ್ಷದ ಡ್ಯೂಕನಿಗೆ 1476ರಲ್ಲಿ ಆಕೆಯನ್ನು ಬಲವಂತವಾಗಿ ಕಟ್ಟಿದ. ಲೆಕ್ಕ ಅಡಿಮೇಲಾಯಿತು. ದೊರೆಯ ಮಗ ವಾರಸುದಾರರಿಲ್ಲದೆ 1498ರಲ್ಲಿ ಸತ್ತ. ಪಟ್ಟಕ್ಕೆ ಬಂದವನು ಅದೇ ಡ್ಯೂಕ್, ಹನ್ನೆರಡನೇ ಲೂಯಿಯಾಗಿ. ಮೊದಲು ಮಾಡಿದ ಕೆಲಸಗಳಲ್ಲೊಂದು ಪೋಪ್ ಕಡೆಯಿಂದ ಆ ಮದುವೆ ರದ್ದು ಮಾಡಿಸಿಕೊಂಡದ್ದು. ಜೋನ್ ಸಂನ್ಯಾಸಿನಿಯರ ಪಂಥವೊಂದನ್ನು ಕಟ್ಟಿದಳು. 1950ರಲ್ಲಿ ಚರ್ಚು ಆಕೆಯನ್ನು ಸಂತಳೆಂದು ಸಾರಿತು. ಈ ಪ್ರಸಂಗದಲ್ಲಿ ಮರ್ಯಾದೆ ಉಳಿಸಿಕೊಂಡವಳು ಆಕೆಯೊಬ್ಬಳೇ.

ಮುಳ್ಳುಹಂದಿ ಈ ಮನೆತನದ ಲಾಂಛನವಾಗಿತ್ತು! ಹತ್ತಿರ ಬಂದವರಿಗೂ ಚುಚ್ಚುತ್ತದೆ, ದೂರದವರತ್ತ ಮುಳ್ಳನ್ನೂ ಎಸೆಯುತ್ತದೆ ಎಂಬ ಹಳೆಯ ನಂಬಿಕೆ. ಬ್ಲುವಾ ಅರಮನೆಯ ಗೋಡೆಗಳಲ್ಲಿ ಇವತ್ತಿಗೂ ಕಿರೀಟ ತೊಟ್ಟ ಮುಳ್ಳುಹಂದಿ ಕಾಣಸಿಗುತ್ತದೆ.

ಅದೇ ಬ್ಲುವಾದಲ್ಲಿ ಅರ್ಧಕ್ಕೆ ನಿಂತ ಒಂದು ಭಾಗವೂ ಇದೆ. ಕಟ್ಟಿಸಿದವನು ಗ್ಯಾಸ್ಟನ್, ಹದಿಮೂರನೇ ಲೂಯಿಯ ತಮ್ಮ, 1626ರಿಂದ ಓರ್ಲಿಯನ್ಸ್ ಡ್ಯೂಕ್. ಅಣ್ಣನಿಗೆ ಮದುವೆಯಾಗಿ 20 ವರ್ಷವಾಗುತ್ತ ಬಂದರೂ ಮಕ್ಕಳಿಲ್ಲ. ಪಟ್ಟ ನನಗೇ ಎಂದು ನಂಬಿದ ಗ್ಯಾಸ್ಟನ್ 1635ರಲ್ಲಿ ವಾಸ್ತುಶಿಲ್ಪಿ ಮಾನ್ಸಾರ್‌ನಿಂದ ಭಾರಿ ಅರಮನೆಗೆ ಕೈಹಾಕಿಸಿದ. 1638ರ ಸೆಪ್ಟೆಂಬರ್ 5ರಂದು ಮುಂದಿನ ಹದಿನಾಲ್ಕನೇ ಲೂಯಿ ಹುಟ್ಟಿದ. ಹಣ ನಿಂತಿತು, ಕೆಲಸವೂ ನಿಂತಿತು. ಸಂಚು ಹೂಡುವುದರಲ್ಲಿ ಗ್ಯಾಸ್ಟನ್ ನಿಸ್ಸೀಮ. ಆದರೆ ಸಿಕ್ಕಿಬಿದ್ದಾಗ ತಲೆ ಕೊಟ್ಟವರು ಜೊತೆಗಾರರು, 1632ರಲ್ಲಿ ಮೊಂಮೊರೆನ್ಸಿ, 1642ರಲ್ಲಿ ಸಾಂಕ್-ಮಾರ್. ಇವನಿಗೆ ಪ್ರತಿ ಸಲವೂ ಕ್ಷಮೆ. ಈ ಪಟ್ಟಿಯಲ್ಲಿ ಇವನಷ್ಟು ಹೇಡಿ ಇನ್ನೊಬ್ಬನಿಲ್ಲ. ಮಗಳು ಹಾಗಲ್ಲ: 1652ರಲ್ಲಿ ಬ್ಯಾಸ್ಟಿಲ್ ಕೋಟೆಯ ಫಿರಂಗಿಗಳನ್ನು ರಾಜನ ಸೈನ್ಯದ ಮೇಲೇ ಹಾರಿಸಲು ಅಪ್ಪಣೆ ಕೊಟ್ಟಳು.

ತಮ್ಮ ಗೆದ್ದದ್ದೇ ತಪ್ಪಾಯಿತೇ? ಹದಿನಾಲ್ಕನೇ ಲೂಯಿಯ ತಮ್ಮ ಫಿಲಿಪ್ ರಿಬ್ಬನ್ನು, ವಜ್ರ, ಎತ್ತರದ ಹಿಮ್ಮಡಿಯ ಷೋಕಿಲಾಲ ಎಂದೇ ಹೆಸರಾದವನು. 1677ರಲ್ಲಿ ಕಾಸೆಲ್ ಕದನದಲ್ಲಿ ಆರೆಂಜಿನ ವಿಲಿಯಮ್‌ನನ್ನು ಸೋಲಿಸಿಬಿಟ್ಟ. ಆಮೇಲೆ ಅಣ್ಣ ಅವನ ಕೈಗೆ ಸೈನ್ಯ ಕೊಡಲಿಲ್ಲ. ಮಕ್ಕಳು ಮೊಮ್ಮಕ್ಕಳ ಮೂಲಕ ಯುರೋಪಿನ ಬಹುತೇಕ ಕ್ಯಾಥೊಲಿಕ್ ಅರಮನೆಗಳನ್ನು ಇವನ ರಕ್ತ ಸೇರಿತು. ಮೇರಿ ಅಂಟೊನೆಟ್ ಇವನ ಮಗಳ ಮೊಮ್ಮಗಳು.

ಮುಂದಿನ ಡ್ಯೂಕನ ಕತೆಗೆ ಮೊದಲು ನಮ್ಮ ಕೃಷ್ಣೆಯ ವಿಷಯ. ಹೊಳೆ ಕರ್ನಾಟಕ ದಾಟಿ ಆಂಧ್ರ ಸೇರಿದ ಮೇಲೆ ದಂಡೆಯಲ್ಲಿ ಕೊಲ್ಲೂರು ಎಂಬ ಊರಿತ್ತು. ಮೂಕಾಂಬಿಕೆಯ ಕೊಲ್ಲೂರಲ್ಲ, ಗೋಲ್ಕೊಂಡದ ವಜ್ರದ ಗಣಿಯ ಕೊಲ್ಲೂರು. ಅಲ್ಲಿ ಸಿಕ್ಕ 410 ಕ್ಯಾರೆಟ್ಟಿನ ಕಲ್ಲೊಂದು ಮದ್ರಾಸಿನ ಗವರ್ನರ್ ಥಾಮಸ್ ಪಿಟ್‌ನ ಕಣ್ಣಿಗೆ ಬಿತ್ತು. ವ್ಯಾಪಾರಿ ಜಮ್‌ಚಂದ್ ಕೇಳಿದ್ದು ಎರಡು ಲಕ್ಷ ವರಾಹ. ಚೌಕಾಸಿ ನಡೆದು ನಡೆದು 48,000 ವರಾಹಕ್ಕೆ, ಅಂದರೆ ಸುಮಾರು 20,400 ಪೌಂಡಿಗೆ ಇಳಿಯಿತು. ಪಿಟ್ ಅದನ್ನು ಲಂಡನ್ನಿನಲ್ಲಿ ಕೊರೆಸಿದ. ಉಳಿದದ್ದು 140 ಕ್ಯಾರೆಟ್ಟಿಗೆ ತುಸು ಹೆಚ್ಚು. 1717ರಲ್ಲಿ ಸುಮಾರು 1,35,000 ಪೌಂಡ್ ಕೊಟ್ಟು ಫ್ರಾನ್ಸಿಗೆ ಕೊಂಡವನು, ಬಾಲಕ ಹದಿನೈದನೇ ಲೂಯಿಯ ಹೆಸರಿನಲ್ಲಿ ಆಗ ರಾಜ್ಯ ನಡೆಸುತ್ತಿದ್ದ ರೀಜೆಂಟ್, ಓರ್ಲಿಯನ್ಸ್ ಡ್ಯೂಕ್ ಎರಡನೇ ಫಿಲಿಪ್. ಹಾಗಾಗಿ ವಜ್ರದ ಹೆಸರೇ 'ರೀಜೆಂಟ್'. 1722ರಲ್ಲಿ ಪಟ್ಟಾಭಿಷೇಕದ ಕಿರೀಟಕ್ಕೇರಿತು, 1792ರಲ್ಲಿ ಕಳುವಾಗಿ ಮರುವರ್ಷ ಸಿಕ್ಕಿತು, ಆಮೇಲೆ ನೆಪೋಲಿಯನ್ನನ ಖಡ್ಗದ ಹಿಡಿಕೆಯಲ್ಲಿ ಕೂತಿತು. 2025ರ ಅಕ್ಟೋಬರಿನಲ್ಲಿ ಲೂವ್ರ್ ಸಂಗ್ರಹಾಲಯಕ್ಕೆ ನುಗ್ಗಿದ ಕಳ್ಳರು ಇದನ್ನು ಮುಟ್ಟಲಿಲ್ಲ. ಅವರು ಹೊತ್ತೊಯ್ದ ನೀಲಮಣಿಗಳ ಒಡವೆಗಳಲ್ಲಿ ಕೆಲವನ್ನು ತೊಟ್ಟಿದ್ದವಳು ಮೊದಲು ಓರ್ಲಿಯನ್ಸ್ ಡಚೆಸ್ ಆಗಿ, ಆಮೇಲೆ ರಾಣಿಯಾದ ಮರಿ-ಅಮೆಲಿ.

ಅಮೆರಿಕದ ನ್ಯೂ ಓರ್ಲಿಯನ್ಸ್ ನಗರಕ್ಕೆ 1718ರಲ್ಲಿ ಹೆಸರು ಬಂದದ್ದೂ ಈ ರೀಜೆಂಟನಿಂದಲೇ. ಅಲ್ಲಿ ಓರ್ಲಿಯನ್ಸ್ ಬೀದಿ ಉಂಟು, ಡ್ಯೂಕನ ಹಿರಿಮಗನ ಬಿರುದಾದ ಷಾರ್ತ್ರ್ ಹೆಸರಿನ ಬೀದಿಯೂ ಉಂಟು. ಬೂರ್ಬನ್ ಬೀದಿಯ ಹೆಸರು ರಾಜಮನೆತನದ್ದು, ಬಾಟಲಿಯದ್ದಲ್ಲ.

ರೀಜೆಂಟನ ಮಗ ಲೂಯಿ ಕಡುಭಕ್ತ. ಅಪ್ಪ ಪ್ರೀತಿಯಿಂದ ಕೊಂಡಿದ್ದ ಕೊರೆಜ್ಜಿಯೊನ 'ಲೀಡಾ' ಚಿತ್ರ ಅಶ್ಲೀಲವೆಂದು ಅದನ್ನು ಕೊಯ್ದುಹಾಕಿದ. ತುಂಡುಗಳನ್ನು ಜೋಡಿಸಿದ ಚಿತ್ರ ಈಗ ಬರ್ಲಿನ್ನಿನಲ್ಲಿದೆ. ಅದರಲ್ಲಿ ಕಾಣುವ ಲೀಡಾಳ ಮುಖ ಮಾತ್ರ ಬೇರೆ ಕಲಾವಿದನ ಕೈಯದು.

ಸಿಡುಬಿಗೆ ಹೆದರಿ ಅರಮನೆಗಳೆಲ್ಲ ನಡುಗುತ್ತಿದ್ದ ಕಾಲ. 1756ರಲ್ಲಿ ಆಗಿನ ಡ್ಯೂಕ್ ತನ್ನ ಇಬ್ಬರು ಮಕ್ಕಳಿಗೆ ಜಿನೀವಾದ ವೈದ್ಯ ತ್ರೋಂಶಾನಿಂದ ಸಿಡುಬಿನ ಕೀವು ಹಾಕಿಸಿದ. ಹಾಕಿಸಿಕೊಳ್ಳದ ಹದಿನೈದನೇ ಲೂಯಿ 1774ರಲ್ಲಿ ಸತ್ತದ್ದು ಸಿಡುಬಿನಿಂದಲೇ.

ಕೀವು ಹಾಕಿಸಿಕೊಂಡ ಆ ಇಬ್ಬರಲ್ಲಿ ಗಂಡುಹುಡುಗ ಫಿಲಿಪ್ ಮುಂದೆ 1784ರಲ್ಲಿ ಬಲೂನ್ ಏರಿದ. ಅದು ಮೇಲಕ್ಕೆ ಹೋಗಿ ಇಳಿಯದಾದಾಗ ಚೀಲಕ್ಕೆ ತಾನೇ ತೂತು ಮಾಡಿ ಇಳಿಸಿದ. ಸಾಲ ತೀರಿಸಲು ಪ್ಯಾರಿಸಿನ ತನ್ನ ಅರಮನೆ ಪಲೇ-ರೊಯಲ್‌ನ ತೋಟದ ಸುತ್ತ ಅಂಗಡಿ ಸಾಲು ಕಟ್ಟಿಸಿ ಬಾಡಿಗೆಗೆ ಬಿಟ್ಟ. ಡ್ಯೂಕನ ಜಾಗವಾದ್ದರಿಂದ ಪೊಲೀಸರಿಗೆ ಒಳಗೆ ಸಲೀಸಾದ ಪ್ರವೇಶವಿಲ್ಲ. ಜೂಜು, ನಿಷಿದ್ಧ ಕರಪತ್ರ, ಬಿಸಿಬಿಸಿ ರಾಜಕೀಯ ಎಲ್ಲಕ್ಕೂ ಅದೇ ಆಸರೆ. 1789ರ ಜುಲೈ 12ರಂದು ಕ್ರಾಂತಿಕಾರಿ ಕಮಿಲ್ ದೆಮುಲಾನ್ ಕೆಫೆಯೊಂದರ ಮುಂದೆ ಮೇಜು ಹತ್ತಿ ಜನರನ್ನು ಬಡಿದೆಬ್ಬಿಸಿದ್ದು ಅಲ್ಲೇ. ಎರಡು ದಿನಕ್ಕೆ ಬ್ಯಾಸ್ಟಿಲ್ ಬಿತ್ತು. ನಾಲ್ಕು ವರ್ಷದ ನಂತರ ಶಾರ್ಲಟ್ ಕಾರ್ಡೆ ಎಂಬಾಕೆ ಕ್ರಾಂತಿಯ ಮುಂದಾಳು ಮರಾಟನನ್ನು ಕೊಲ್ಲಲು ಚಾಕು ಕೊಂಡದ್ದೂ ಅಲ್ಲೇ. ಅಷ್ಟರಲ್ಲಿ ಡ್ಯೂಕ್ ಬಿರುದು ಬಿಸಾಕಿ 'ಫಿಲಿಪ್ ಎಗಾಲಿಟೆ', ಸಮಾನತೆಯ ಫಿಲಿಪ್, ಆಗಿದ್ದ. 1793ರ ಜನವರಿಯಲ್ಲಿ ದಾಯಾದಿ ಹದಿನಾರನೇ ಲೂಯಿಯ ಮರಣದಂಡನೆಗೆ ಮತ ಹಾಕಿದ. ಎದುರಾಳಿಗಳೂ ಆ ಮತಕ್ಕೆ ಬೆಚ್ಚಿದರು. ಏಪ್ರಿಲಿನಲ್ಲಿ ಮಗ ಗಡಿ ದಾಟಿ ಶತ್ರುಪಾಳಯ ಸೇರಿದ, ಅಪ್ಪ ಜೈಲು ಸೇರಿದ. ನವೆಂಬರ್ 6ರಂದು ಗಿಲೊಟಿನ್ ಅವನ ತಲೆಯನ್ನೂ ಕೇಳಿತು.

ಓಡಿಹೋದ ಆ ಮಗ ಲೂಯಿ-ಫಿಲಿಪ್ ಸುಳ್ಳು ಹೆಸರಿನಲ್ಲಿ ಸ್ವಿಟ್ಜರ್‌ಲೆಂಡಿನ ಶಾಲೆಯೊಂದರಲ್ಲಿ ಮೇಷ್ಟ್ರಾಗಿದ್ದ. ಅಮೆರಿಕ ಸುತ್ತಿ ಜಾರ್ಜ್ ವಾಷಿಂಗ್ಟನ್ನನ್ನೂ ಕಂಡುಬಂದ. 1830ರ ಕ್ರಾಂತಿ ಅವನನ್ನು ರಾಜನನ್ನಾಗಿ ಮಾಡಿತು, 1848ರ ಕ್ರಾಂತಿ ಇಳಿಸಿತು. ಮುಖವನ್ನು ಪಿಯರ್ ಹಣ್ಣಿನಂತೆ ಬರೆದ ವ್ಯಂಗ್ಯಚಿತ್ರಕಾರರ ಮೇಲೆ ಕೇಸು ಹಾಕಿ ನಗೆಪಾಟಲಾದವನೂ ಇವನೇ. ಕೆನ್ನೆಗಡ್ಡ ಬೋಳಿಸಿಕೊಂಡು ಇಂಗ್ಲೆಂಡಿಗೆ ಹಡಗು ಹತ್ತುವಾಗ ಅವನ ಹೆಸರು ಮಿಸ್ಟರ್ ಸ್ಮಿತ್. ಹಾವ್ರ್ ಬಂದರಿನ ಬ್ರಿಟಿಷ್ ಕಾನ್ಸಲ್, ಈತ ನನ್ನ ಅಂಕಲ್ ಎಂದು ದಾಟಿಸಿಬಿಟ್ಟ.

ಅವನ ಹಿರಿಮಗ, ಡ್ಯೂಕ್ ಫರ್ಡಿನಾಂಡ್, ಜನಪ್ರಿಯ. 1842ರ ಜುಲೈ 13ರಂದು ಸಾರೋಟಿನ ಕುದುರೆಗಳು ಕಂಗೆಟ್ಟು ಓಡಿದವು. ರಸ್ತೆಗೆ ಬಿದ್ದವನನ್ನು ಹತ್ತಿರದ ಕಿರಾಣಿಯವನ ಮನೆಗೆ ಹೊತ್ತರು. ಅಲ್ಲೇ ಪ್ರಾಣ ಹೋಯಿತು, 31 ವರ್ಷ. ಅವನು ಬದುಕಿದ್ದರೆ 1848 ಹಾಗೆ ನಡೆಯುತ್ತಿರಲಿಲ್ಲ ಎನ್ನುವವರ ಪಕ್ಷ ನನ್ನದು. ಹೆಂಡತಿ ಹೆಲೆನ್ ಪ್ರಾಟೆಸ್ಟೆಂಟ್. ದ್ರೂ ಊರಿನ ಕುಟುಂಬದ ಸಮಾಧಿ ಮಂದಿರದಲ್ಲಿ ಆಕೆಗೆ ಜಾಗ ಕೊಡುವಂತಿರಲಿಲ್ಲ, ಪಕ್ಕಕ್ಕೆ ಬೇರೆ ಕೋಣೆ ಕಟ್ಟಿದರು. ನಡುವಿನ ಕಿಂಡಿಯಿಂದ ಆಕೆಯ ಅಮೃತಶಿಲೆಯ ಕೈ ಗಂಡನ ಕಡೆಗೆ ಚಾಚಿದೆ.

ಕೊನೆಗೊಬ್ಬ, ಇನ್ನೊಬ್ಬ ಫಿಲಿಪ್. ಹುಟ್ಟಿದ್ದು 1869ರಲ್ಲಿ, ಇಂಗ್ಲೆಂಡಿನಲ್ಲಿ. ಹಳೆಯ ರಾಜಮನೆತನಗಳ ಯಜಮಾನರೂ ವಾರಸುದಾರರೂ ಫ್ರಾನ್ಸಿನಲ್ಲಿ ಕಾಲಿಡಬಾರದೆಂಬ 1886ರ ಕಾನೂನು ಮುರಿದು, ನನ್ನನ್ನೂ ಸಿಪಾಯಿಯಾಗಿ ಸೇರಿಸಿಕೊಳ್ಳಿ ಎಂದು 1890ರಲ್ಲಿ ಪ್ಯಾರಿಸಿಗೆ ಬಂದ. ಸೇರಿಸಿದ್ದು ಜೈಲಿಗೆ. ಕೆಲವು ತಿಂಗಳಲ್ಲಿ ಗಡಿಯಾಚೆ ಬಿಟ್ಟರು. ಪಟ್ಟ ಸಿಗದವನು ಹಿಮದತ್ತ ಹೊರಟ: 'ಬೆಲ್ಜಿಕಾ' ಹಡಗಿನಲ್ಲಿ 1905ರಿಂದ ಮೂರು ಸಲ ಆರ್ಕ್ಟಿಕ್ ಯಾನ. ಗ್ರೀನ್‌ಲೆಂಡಿನ ಈಶಾನ್ಯದ ಒಂದು ತುಣುಕಿಗೆ ಅವನ ಬಿರುದಿನ ಹೆಸರಿದೆ. ಅವನು 1926ರಲ್ಲಿ ತೀರಿಕೊಂಡದ್ದು ಇಟಲಿಯ ಪಲೆರ್ಮೊದ ಓರ್ಲಿಯನ್ಸ್ ಅರಮನೆಯಲ್ಲಿ. ಈಗ ಅಲ್ಲಿರುವುದು ಸಿಸಿಲಿ ಪ್ರಾಂತ್ಯದ ಚುನಾಯಿತ ಅಧ್ಯಕ್ಷರ ಕಚೇರಿ.