ಹಳೆ ಅಡಿಕೆಯ ಲೆಕ್ಕ, ವೈನ್ ಬಾಟಲಿಯ ಲೆಕ್ಕ

ಮೂಡುಬಿದಿರೆಯ ಓದುಗರೊಬ್ಬರ ಪ್ರಶ್ನೆ ಇದು. ದುಬೈಯಲ್ಲಿರುವ ಮಗ ರಜೆಗೆ ಬರುವಾಗ ವಿಮಾನ ನಿಲ್ದಾಣದ ಅಂಗಡಿಯಲ್ಲಿ ಅರ್ಧ ಬೆಲೆಗೆ ಸಿಕ್ಕಿತೆಂದು ಎರಡು ಬಾಟಲಿ ಕೆಂಪು ವೈನ್ ತಂದಿದ್ದಾನೆ. ವೈನ್ ಹಳೆಯದಾದಷ್ಟೂ ರುಚಿ ಎಂದು ಎಲ್ಲರೂ ಹೇಳುತ್ತಾರೆ. ಅಟ್ಟದಲ್ಲಿ ಭದ್ರವಾಗಿಟ್ಟು ಐದು ವರ್ಷದ ಬಳಿಕ ಮಗಳ ಮದುವೆಗೆ ತೆರೆದರೆ ಹೇಗೆ?

ಅಟ್ಟ ಮಾತ್ರ ಬೇಡ. ಯಾಕೆ ಬೇಡ ಎಂಬುದನ್ನು ಈ ಕಡೆಯವರಿಗೆ ಫ್ರಾನ್ಸಿನ ಕಥೆ ಹೇಳಿ ತಿಳಿಸಬೇಕಾಗಿಲ್ಲ, ಅಡಿಕೆ ಸಾಕು.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ತೋಟದ ಮನೆಗಳಲ್ಲಿ ಪ್ರತಿ ವರ್ಷ ಒಂದು ತೀರ್ಮಾನ ನಡೆಯುತ್ತದೆ. ಅಂಗಳದಲ್ಲಿ ನಲವತ್ತು ದಿನಗಳಿಗೂ ಹೆಚ್ಚು ಬಿಸಿಲು ಕುಡಿದ ಅಡಿಕೆಯನ್ನು ಸುಲಿದು ಚಾಲಿ ಮಾಡಿದ ಮೇಲೆ ಯಾವುದನ್ನು ಈಗಲೇ ಮಾರುವುದು, ಯಾವುದನ್ನು ಇಡುವುದು? ಈ ವರ್ಷದ್ದು ಹೊಸ ಅಡಿಕೆ. ಇಟ್ಟು ಹಳತಾದದ್ದು ಮಾರುಕಟ್ಟೆಯಲ್ಲಿ ಸಿಂಗಲ್ ಚೋಲ್, ಅದಕ್ಕೂ ಹಳೆಯದು ಡಬಲ್ ಚೋಲ್. ಸಾಮಾನ್ಯವಾಗಿ ಹಳತಕ್ಕೆ ಹೊಸತಕ್ಕಿಂತ ಹೆಚ್ಚು ದರ. 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ ಹುಟ್ಟಿದ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊದ ದರಪಟ್ಟಿಯಲ್ಲಿ ಇವಕ್ಕೆ ಬೇರೆ ಬೇರೆ ಸಾಲುಗಳಿವೆ. ಹಾಗೆಂದು ಯಾವ ಬೆಳೆಗಾರರೂ ಪಟೋರ, ಉಳ್ಳಿ, ಕೋಕ, ಕರಿಗೋಟಿನಂಥ ಕೆಳದರ್ಜೆಯ ಅಡಿಕೆಯನ್ನು ಗೋಣಿಗೆ ತುಂಬಿ ಎರಡು ವರ್ಷ ಕಾಯುವುದಿಲ್ಲ. ಅವು ಹಳತಾದರೆ ಹಳೆಯ ಪಟೋರ, ಹಳೆಯ ಕರಿಗೋಟು ಅಷ್ಟೆ. ಇಡಲು ಯೋಗ್ಯವಾದದ್ದು ಬಿಳಿಯಾಗಿ, ಗಟ್ಟಿಯಾಗಿ, ಚೆನ್ನಾಗಿ ಒಣಗಿದ ಕಾಯಿ. ಅದನ್ನೂ ಮಳೆಗಾಲದ ತೇವ ತಾಗದಂತೆ ಕಾಯಬೇಕು, ಇಲ್ಲವಾದರೆ ಬೂಷ್ಟು ಹಿಡಿದು ಕೆಳಗಿನ ದರ್ಜೆಗೆ ಇಳಿಯುತ್ತದೆ.

ವೈನಿನಲ್ಲೂ ಕೇಳಬೇಕಾದದ್ದು ಇವೇ ಎರಡು ಪ್ರಶ್ನೆ. ಇಡುವುದಕ್ಕೆ ತಕ್ಕ ಸರಕು ಒಳಗಿದೆಯೇ? ಇಡುವುದಕ್ಕೆ ತಕ್ಕ ಜಾಗ ಮನೆಯಲ್ಲಿದೆಯೇ? ಬೆಲೆ ಎಷ್ಟು ಇಳಿದಿದೆ ಎಂಬುದಕ್ಕೂ ಈ ಎರಡಕ್ಕೂ ಸಂಬಂಧವೇ ಇಲ್ಲ.

ಮೊದಲು ಸರಕಿನ ಮಾತು. ಎಳೆಯ ಕೆಂಪು ವೈನ್ ಕುಡಿದಾಗ ನಾಲಗೆ ಒಣಗಿ ಒರಟಾದಂತೆ ಆಗುವುದಕ್ಕೆ ಕಾರಣ ದ್ರಾಕ್ಷಿಯ ಸಿಪ್ಪೆ ಮತ್ತು ಬೀಜದಲ್ಲಿರುವ ಟ್ಯಾನಿನ್. ಎಂಜಲಿನಲ್ಲಿರುವ ಪ್ರೋಟೀನುಗಳಿಗೆ ಅದು ಅಂಟಿಕೊಂಡು ಬಾಯಿಯ ಜಾರುವಿಕೆಯನ್ನು ಕಸಿಯುತ್ತದೆ. ಎಳೆ ಅಡಿಕೆ ಜಗಿದವರಿಗೆ ಈ ಒಗರು ಹೊಸದಲ್ಲ, ಅಡಿಕೆಯಲ್ಲಿರುವುದೂ ಅದೇ ಕುಲದ ಟ್ಯಾನಿನ್. ಮಲೆನಾಡಿನವರು ಹಸಿ ಅಡಿಕೆ ಬೇಯಿಸಿದ ಮೇಲೆ ಹಂಡೆಯಲ್ಲಿ ಉಳಿಯುವ ಕೆಂಪು ಚೊಗರು ಎಂದರೆ ಬಹುಪಾಲು ಟ್ಯಾನಿನ್ನಿನ ದ್ರಾವಣ. ದ್ರಾಕ್ಷಿ ಬೀಜದ ಟ್ಯಾನಿನ್ ಸರಪಳಿಯ ಕೊಂಡಿಗಳಲ್ಲಿ ಮುಖ್ಯವಾದ ಒಂದಕ್ಕೆ ರಸಾಯನಶಾಸ್ತ್ರದಲ್ಲಿ ಕ್ಯಾಟೆಚಿನ್ ಎಂದು ಹೆಸರು. ಆ ಹೆಸರು ಬಂದದ್ದು ವೀಳ್ಯದ ತಟ್ಟೆಯ ಕಾಚಿನಿಂದ. ಫ್ರಾನ್ಸಿನ ಬೋರ್ಡೋದ ವೈನಿನ ಬಗ್ಗೆ ಮಾತಾಡುವ ವಿಜ್ಞಾನಿ ತನಗೆ ಗೊತ್ತಿಲ್ಲದೆಯೇ ನಮ್ಮ ತಾಂಬೂಲದ ಮಾತನ್ನು ಆಡುತ್ತಾನೆ.

ಬಾಟಲಿಯೊಳಗೆ ವರ್ಷಗಳುದ್ದಕ್ಕೂ ಈ ಟ್ಯಾನಿನ್ ಕೊಂಡಿಗಳು ತಮ್ಮೊಳಗೆ ಮರುಜೋಡಣೆಯಾಗುತ್ತವೆ, ಆಂಥೋಸಯಾನಿನ್ ಎಂಬ ಬಣ್ಣದ ಕಣಗಳ ಜೊತೆಗೂ ಬೆಸೆದುಕೊಳ್ಳುತ್ತವೆ. ಕೆಲವು ಭಾರವಾಗಿ ತಳಕ್ಕೆ ಕೂರುತ್ತವೆ. ಹಾಗಾಗಿಯೇ ಹಳೆಯ ವೈನಿನಲ್ಲಿ ಗಸಿ ಹೆಚ್ಚು, ಒಗರು ಕಡಿಮೆ. ನೇರಳೆ ಬಣ್ಣ ಇಟ್ಟಿಗೆ ಕೆಂಪಿಗೆ ತಿರುಗುತ್ತದೆ. ಎಳೆತನದ ಹಣ್ಣಿನ ಪರಿಮಳ ಕರಗಿ ಒಣಹಣ್ಣು, ತೊಗಲು, ತೇವದ ಮಣ್ಣು ನೆನಪಿಸುವ ವಾಸನೆಗಳು ಬರುತ್ತವೆ. ಟ್ಯಾನಿನ್ ಮತ್ತು ಹುಳಿ ಎರಡೂ ಸಾಕಷ್ಟಿದ್ದರೆ ಮಾತ್ರ ಈ ಬದಲಾವಣೆ ಲಾಭದ್ದು. ಇಲ್ಲದ ವೈನಿಗೆ ಹಣ್ಣಿನ ಪರಿಮಳವೇ ಬಂಡವಾಳ, ಅದು ಹೋದರೆ ಉಳಿಯುವುದು ಸಪ್ಪೆ ನೀರು. ಜಗತ್ತಿನಲ್ಲಿ ತಯಾರಾಗುವ ವೈನಿನ ಬಹುಪಾಲು ಎರಡನೆಯ ಗುಂಪಿಗೆ ಸೇರಿದ್ದು, ಒಂದೆರಡು ವರ್ಷದೊಳಗೆ ಕುಡಿಯಲೆಂದೇ ಮಾಡಿದ್ದು. ‘ಹಳೆಯದಾದಷ್ಟೂ ರುಚಿ’ ಎಂಬ ಮಾತು ಅಲ್ಪಸಂಖ್ಯೆಯ ಬಾಟಲಿಗಳ ಗುಣವನ್ನು ಎಲ್ಲ ಬಾಟಲಿಗಳಿಗೂ ಹೊರಿಸಿದ ತಪ್ಪು.

ಈ ಮೂರು ತಾಲೂಕುಗಳ ಕ್ರೈಸ್ತ ಮನೆಗಳಲ್ಲಿ ಕ್ರಿಸ್ಮಸ್‌ಗೆ ಕುಸ್ವಾರ್ ತಿಂಡಿಗಳ ಜೊತೆ ಬರುವ ಮನೆವೈನನ್ನೇ ನೋಡಿ. ಕಪ್ಪು ದ್ರಾಕ್ಷಿ, ಸಕ್ಕರೆ, ಯೀಸ್ಟ್, ಒಂದು ಹಿಡಿ ಗೋಧಿ, ಚಕ್ಕೆ, ಎಲ್ಲವನ್ನೂ ಭರಣಿಗೆ ಹಾಕಿ ಬಾಯಿಗೆ ಬಟ್ಟೆ ಕಟ್ಟಿ, ದಿನಕ್ಕೊಮ್ಮೆ ಮರದ ಸೌಟಿನಲ್ಲಿ ಕದಡಿ, ಮೂರು ವಾರಕ್ಕೋ ಆರು ವಾರಕ್ಕೋ ಸೋಸುತ್ತಾರೆ. ದ್ರಾಕ್ಷಿ ಹೆಚ್ಚಾಗಿ ಬೆಂಗಳೂರು ಬ್ಲೂ. ಸಿಹಿ ಪರಿಮಳದ ಒಳ್ಳೆಯ ಹಣ್ಣು, ಟ್ಯಾನಿನ್ ಮಾತ್ರ ಕಡಿಮೆ. ಹಬ್ಬಕ್ಕೆ ರುಚಿಯಾಗಿರುವ ಈ ವೈನ್ ಮುಂದಿನ ಹಬ್ಬಕ್ಕೆ ಉಳಿದರೆ ಹುಳಿಯುವುದು ಹೆಚ್ಚು. ಮಾಡಿದವರ ಕೈಗುಣದ ದೋಷ ಅದಲ್ಲ. ಅರ್ಧ ಖಾಲಿಯಾದ ಪಾತ್ರೆಯಲ್ಲಿ ಗಾಳಿ ಸೇರುತ್ತದೆ, ಗಾಳಿ ಇದ್ದಲ್ಲಿ ಅಸಿಟೊಬ್ಯಾಕ್ಟರ್ ಎಂಬ ಸೂಕ್ಷ್ಮಜೀವಿ ಮದ್ಯಸಾರವನ್ನು ವಿನೆಗರ್ ಮಾಡುತ್ತದೆ. ಕಾರ್ಖಾನೆಯ ವೈನಿಗೆ ಸೇರಿಸುವ ಸಲ್ಫರ್ ಡೈಆಕ್ಸೈಡ್ ಎಂಬ ಕಾವಲು ಮನೆವೈನಿಗೆ ಇರುವುದಿಲ್ಲ.

ಗಾಳಿಯ ಪಾತ್ರವನ್ನು ಸಾಬೀತು ಮಾಡಿದವನು ಲೂಯಿ ಪಾಶ್ಚರ್. ಫ್ರಾನ್ಸಿನ ವೈನ್ ಕೆಡುತ್ತಿರುವುದು ಯಾಕೆಂದು ನೋಡುವಂತೆ ದೊರೆ ಮೂರನೆಯ ನೆಪೋಲಿಯನ್ 1863ರಲ್ಲಿ ಅವನನ್ನು ಕೇಳಿದ. 1866ರಲ್ಲಿ ಪ್ರಕಟವಾದ ಅವನ ವೈನಿನ ಗ್ರಂಥದಲ್ಲಿ ತುಂಬ ಸರಳವಾದ ಒಂದು ಪ್ರಯೋಗವಿದೆ. ಕೆಲವು ಗಾಜಿನ ಕೊಳವೆಗಳಲ್ಲಿ ವೈನನ್ನು ಕಂಠಪೂರ್ತಿ ತುಂಬಿ, ಕೆಲವಲ್ಲಿ ಅರ್ಧ ತುಂಬಿ ಅರ್ಧ ಗಾಳಿ ಬಿಟ್ಟು, ಎಲ್ಲದರ ಬಾಯನ್ನೂ ಮುಚ್ಚಿಟ್ಟ. ಗಾಳಿ ಇದ್ದ ಕೊಳವೆಯ ವೈನ್ ಬಣ್ಣ ಕಳೆದುಕೊಂಡು ಗಸಿ ಬಿಟ್ಟಿತು, ಪೂರ್ತಿ ತುಂಬಿದ್ದು ಹಾಗೆಯೇ ಉಳಿಯಿತು. ಹಣ್ಣಾಗಿಸುವುದೂ ಕೆಡಿಸುವುದೂ ಆಮ್ಲಜನಕವೇ, ಪ್ರಮಾಣವೊಂದೇ ಬೇರೆ. ಬಾಟಲಿಯ ಕಾರ್ಕ್ ಮಾಡುವ ಕೆಲಸ ಆ ಪ್ರಮಾಣವನ್ನು ಹನಿಹನಿಯಾಗಿ ಅಳೆದು ಕೊಡುವುದು.

ಇನ್ನು ಅರ್ಧ ಬೆಲೆಯ ಮಾತು. ವೈನಿನ ವ್ಯಾಪಾರದಲ್ಲಿ ಬೆಲೆ ನಾಲಗೆಯನ್ನೇ ಮೋಸ ಮಾಡುತ್ತದೆ. 2008ರ ಜನವರಿಯಲ್ಲಿ ಅಮೆರಿಕದ ಸಂಶೋಧಕರು 20 ಮಂದಿಗೆ ಮಿದುಳಿನ ಸ್ಕ್ಯಾನ್ ಮಾಡುತ್ತಲೇ ವೈನ್ ಕುಡಿಸಿದ ಪ್ರಯೋಗದ ಫಲಿತಾಂಶವನ್ನು ಪ್ರಕಟಿಸಿದರು. 5 ಡಾಲರಿನ ವೈನನ್ನು ಒಮ್ಮೆ 5 ಎಂದೂ ಒಮ್ಮೆ 45 ಎಂದೂ, 90 ಡಾಲರಿನದನ್ನು ಒಮ್ಮೆ 90 ಎಂದೂ ಒಮ್ಮೆ 10 ಎಂದೂ ಹೇಳಿ ಕುಡಿಸಿದ್ದರು. ದುಬಾರಿ ಎಂದು ಹೇಳಿದಾಗ ಅದೇ ವೈನ್ ಹೆಚ್ಚು ಹಿಡಿಸಿತು. ಬಾಯಿಮಾತಿನಲ್ಲಷ್ಟೇ ಅಲ್ಲ, ಸುಖದ ಅನುಭವಕ್ಕೆ ಸಂಬಂಧಿಸಿದ ಮಿದುಳಿನ ಭಾಗವೂ ಹೆಚ್ಚು ಚುರುಕಾಯಿತು. ಅದೇ ವರ್ಷ ಹೊರಬಂದ ಇನ್ನೊಂದು ಅಧ್ಯಯನ 6,000ಕ್ಕೂ ಮಿಕ್ಕಿದ ಕುರುಡು ರುಚಿಪರೀಕ್ಷೆಗಳನ್ನು ಒಟ್ಟುಮಾಡಿ ನೋಡಿತು. ಬೆಲೆ ಗೊತ್ತಿಲ್ಲದಿದ್ದಾಗ ಸಾಮಾನ್ಯ ಜನರಿಗೆ ದುಬಾರಿ ವೈನ್ ಹೆಚ್ಚು ಹಿಡಿಸಲಿಲ್ಲ, ತುಸು ಕಡಿಮೆಯೇ ಹಿಡಿಸಿತು. ಬಾಟಲಿಯ ಮೇಲಿನ ಪದಕದ ಚೀಟಿಯನ್ನೂ ನೆಚ್ಚಿಕೊಳ್ಳಬೇಕಾಗಿಲ್ಲ. ಕ್ಯಾಲಿಫೋರ್ನಿಯದ ಸ್ಪರ್ಧೆಯೊಂದರಲ್ಲಿ ವೈನ್ ತಯಾರಕ ರಾಬರ್ಟ್ ಹಾಡ್ಜ್‌ಸನ್ ಒಂದೇ ಬಾಟಲಿಯ ವೈನನ್ನು ತೀರ್ಪುಗಾರರಿಗೆ ತಿಳಿಸದೆ ಮೂರು ಬಾರಿ ಕೊಟ್ಟಾಗ, ಮೂರೂ ಬಾರಿ ಒಂದೇ ಪದಕದ ಮಟ್ಟಕ್ಕೆ ಅಂಕ ಕೊಟ್ಟವರು ಹತ್ತರಲ್ಲಿ ಒಬ್ಬರಷ್ಟೇ.

ಹೀಗಿರುವಾಗ ‘ಅರ್ಧ ಬೆಲೆ’ ಎಂಬ ಹಲಗೆ ಏನು ಹೇಳುತ್ತದೆ? ವಿದೇಶಿ ವೈನಿಗೆ ಭಾರತದ ಮೂಲ ಆಮದು ಸುಂಕ ಬಹುಕಾಲ ಶೇ. 150 ಇತ್ತು. ಆಸ್ಟ್ರೇಲಿಯದ ಜೊತೆಗಿನ ಒಪ್ಪಂದ 2022ರ ಡಿಸೆಂಬರ್ 29ರಂದು ಜಾರಿಗೆ ಬಂದು ಅಲ್ಲಿನ ಬಾಟಲಿಗಳಿಗೆ ಬೆಲೆಗೆ ತಕ್ಕಂತೆ ಕಡಿತ ಶುರುವಾಯಿತು. ಪ್ರಯಾಣಿಕರು ಸುಂಕವಿಲ್ಲದೆ ತರಬಹುದಾದ ಮದ್ಯ ಒಟ್ಟು 2 ಲೀಟರ್, 750 ಮಿಲಿಲೀಟರಿನ ಎರಡು ಬಾಟಲಿ ಆ ಮಿತಿಯೊಳಗೇ ಬರುತ್ತವೆ. ಇಲ್ಲಿನ ಅಂಗಡಿಯ ದರದೊಂದಿಗೆ ಹೋಲಿಸಿದರೆ ವಿಮಾನ ನಿಲ್ದಾಣದ ಬೆಲೆ ಯಾವಾಗಲೂ ಅಗ್ಗವಾಗಿಯೇ ಕಾಣುತ್ತದೆ. ಉಳಿದದ್ದು ಸುಂಕ, ವೈನಿನ ಮೌಲ್ಯ ಅದರಿಂದ ಏರಲೂ ಇಲ್ಲ, ಇಳಿಯಲೂ ಇಲ್ಲ.

ದೇಶದೊಳಗಿನ ವೈನಿನ ರಿಯಾಯಿತಿಗೆ ಬೇರೆಯೇ ಅರ್ಥವಿದೆ. ಕನ್ವಲ್ ಗ್ರೋವರ್ 1988ರಲ್ಲಿ ನಂದಿ ಬೆಟ್ಟದ ತಪ್ಪಲಿನಲ್ಲಿ ಫ್ರೆಂಚ್ ತಳಿಯ ಬಳ್ಳಿ ನೆಟ್ಟ ಕಾಲದಿಂದಲೂ ಇಲ್ಲಿನ ವೈನ್ ದ್ರಾಕ್ಷಿಯ ಕೊಯ್ಲು ಮಳೆಗಾಲ ತಪ್ಪಿಸಿ, ಚಳಿಗಾಲದ ಕೊನೆಯಲ್ಲಿ. ಬಾಟಲಿಯ ಮೇಲೆ ಅಚ್ಚಾದ ಕೊಯ್ಲಿನ ವರ್ಷದಿಂದ ಎಣಿಸಿದರೆ ಅದು ಎಷ್ಟು ಏಪ್ರಿಲ್–ಮೇ ಕಂಡಿದೆ ಎಂದು ಗೊತ್ತಾಗುತ್ತದೆ. ಎರಡು ವರ್ಷ ಹಳೆಯ ಬಿಳಿ ವೈನಿಗೆ ರಿಯಾಯಿತಿ ಇದ್ದರೆ, ಯಾವುದೋ ಗೋದಾಮಿನಲ್ಲಿ ಎರಡು ಬೇಸಿಗೆ ಕಳೆದದ್ದನ್ನು ಖಾಲಿ ಮಾಡುತ್ತಿದ್ದಾರೆ ಎಂದೇ ಊಹಿಸಬೇಕು. ಅದು ಅಗ್ಗವಾದರೂ ಬೇಡ. ಅದೇ ರಿಯಾಯಿತಿ ಈ ವರ್ಷದ ಬಿಳಿ ವೈನಿಗೋ ಕಳೆದ ವರ್ಷದ ಶಿರಾಜ್‌ನಂಥ ಗಟ್ಟಿ ಕೆಂಪು ವೈನಿಗೋ ಇದ್ದರೆ ನಿಜವಾದ ಲಾಭ.

ಬೇಸಿಗೆ ಅಷ್ಟು ಮುಖ್ಯವಾಗುವುದು ಯಾಕೆ? ರಾಸಾಯನಿಕ ಕ್ರಿಯೆಯ ವೇಗ ಉಷ್ಣತೆಯ ಜೊತೆ ಹೇಗೆ ಏರುತ್ತದೆಂಬ ಸೂತ್ರವನ್ನು ಸ್ವೀಡನ್ನಿನ ಸ್ವಾಂಟೆ ಅರೇನಿಯಸ್ 1889ರಲ್ಲಿ ಕೊಟ್ಟ. ಅದರ ಒರಟು ರೂಪ ಹೀಗಿದೆ: ಉಷ್ಣತೆ 10 ಡಿಗ್ರಿ ಏರಿದರೆ ವೇಗ ಹೆಚ್ಚುಕಡಿಮೆ ಇಮ್ಮಡಿ. ಯುರೋಪಿನ ನೆಲಮಾಳಿಗೆಯ 13 ಡಿಗ್ರಿಗೂ ಬಂಟ್ವಾಳದ ಕೋಣೆಯ 28 ಡಿಗ್ರಿಗೂ ಅಂತರ 15. ಲೆಕ್ಕ ಹಾಕಿದರೆ ಇಲ್ಲಿನ ಒಂದು ವರ್ಷ ಅಲ್ಲಿನ ಸುಮಾರು ಮೂರು ವರ್ಷಕ್ಕೆ ಸಮ. ‘ಒಳ್ಳೆಯದಾಯಿತು, ಬೇಗ ಹಣ್ಣಾಗುತ್ತದೆ’ ಎನ್ನುವಂತಿಲ್ಲ. ಎಲ್ಲ ಕ್ರಿಯೆಗಳೂ ಒಂದೇ ಪಟ್ಟಿನಲ್ಲಿ ವೇಗವಾಗುವುದಿಲ್ಲ. ಕಂದಾಗಿಸುವ, ಪರಿಮಳ ಕೊಲ್ಲುವ ಕ್ರಿಯೆಗಳು ಮುಂದೆ ಓಡಿ, ಹದಗೊಳಿಸುವ ಕ್ರಿಯೆಗಳು ಹಿಂದೆ ಉಳಿಯಬಹುದು. ಹುಲ್ಲಿನಲ್ಲಿ ನಿಧಾನವಾಗಿ ಹಣ್ಣಾದ ಬಾಳೆಗೊನೆಗೂ ಹೊಗೆ ಹಾಕಿ ಹಣ್ಣು ಮಾಡಿದ ಗೊನೆಗೂ ರುಚಿ ಒಂದೇ ಅಲ್ಲವಲ್ಲ.

ಹೆಂಚಿನಡಿಯ ಅಟ್ಟವಂತೂ ಮನೆಯಲ್ಲೇ ಅತಿ ಬಿಸಿಯಾದ ಜಾಗ. ಅಡಿಕೆಗೆ ಹೇಳಿಮಾಡಿಸಿದ ಆ ಒಣ ಬಿಸಿ ವೈನಿಗೆ ಶತ್ರು.

ನೆಲದಡಿ ಇಟ್ಟರೆ? ಈ ಯೋಚನೆ ಬಂಟ್ವಾಳ ತಾಲೂಕಿನವರಿಗೆ ಬರಲೇಬೇಕು. ಕೇಪು, ಮಾಣಿಲದಂಥ ಊರುಗಳಲ್ಲಿ ಗುಡ್ಡದ ಮುರಕಲ್ಲನ್ನು ಅಡ್ಡಲಾಗಿ ಕೊರೆದ ಸುರಂಗಗಳಿವೆ. ಒಬ್ಬರೇ ಸುರಂಗಗಳನ್ನು ಕೊರೆದು ಬರಡು ಗುಡ್ಡಕ್ಕೆ ನೀರು ತಂದ ಕೇಪುವಿನ ಅಮೈ ಮಹಾಲಿಂಗ ನಾಯ್ಕರಿಗೆ 2022ರಲ್ಲಿ ಪದ್ಮಶ್ರೀ ಬಂತು. ಫ್ರಾನ್ಸಿನ ಷಾಂಪೇನ್ ಸೀಮೆಯ ರೈಮ್ಸ್ ಪಟ್ಟಣದಡಿಯ ಸುಣ್ಣಕಲ್ಲಿನ ಗುಹೆಗಳಲ್ಲಿ ಲಕ್ಷಾಂತರ ಬಾಟಲಿ ಮಲಗಿರುವಾಗ ನಮ್ಮ ಸುರಂಗದಲ್ಲಿ ಒಂದು ಡಜನ್ ಮಲಗಬಾರದೇ? ಭೂಮಿ ಇಲ್ಲಿ ಒಂದು ಕಟ್ಟುನಿಟ್ಟಿನ ನಿಯಮ ಪಾಲಿಸುತ್ತದೆ. ಹತ್ತಾರು ಅಡಿ ಆಳಕ್ಕೆ ಹೋದರೆ ಹಗಲು ರಾತ್ರಿ, ಬೇಸಿಗೆ ಚಳಿಯ ಏರಿಳಿತ ಅಳಿಸಿಹೋಗಿ ಆ ಊರಿನ ವರ್ಷದ ಸರಾಸರಿ ಉಷ್ಣತೆಯಷ್ಟೇ ಉಳಿಯುತ್ತದೆ. ರೈಮ್ಸ್‌ನ ಸರಾಸರಿ ಸುಮಾರು 11 ಡಿಗ್ರಿ, ಅಲ್ಲಿನ ಗುಹೆಯೂ ಹಾಗೆಯೇ. ನಮ್ಮ ಕರಾವಳಿಯ ಸರಾಸರಿ ಸುಮಾರು 27. ಮೇ ತಿಂಗಳ ಮಧ್ಯಾಹ್ನ ಸುರಂಗದೊಳಗೆ ಹೊಕ್ಕವರಿಗೆ ತಂಪೆನಿಸುವುದು ಹೊರಗಿನ ಸೆಕೆಯ ಎದುರಿನಲ್ಲಿ ಮಾತ್ರ. ಅಲ್ಲಿನ ಉಷ್ಣತೆ ಸ್ಥಿರ, ಆದರೆ ಬೆಚ್ಚಗೆ. ಕತ್ತಲೆ, ನಿಶ್ಚಲತೆ, ತೇವ ಎಲ್ಲವೂ ಸರಿಯಿದ್ದು ಮುಖ್ಯವಾದದ್ದೊಂದು ಇಲ್ಲ. ಎಷ್ಟು ಆಳಕ್ಕೆ ಅಗೆದರೂ ಕರಾವಳಿಯಲ್ಲಿ ವಿದ್ಯುತ್ತಿಲ್ಲದ ವೈನ್ ನೆಲಮಾಳಿಗೆ ಸಾಧ್ಯವಿಲ್ಲ.

ಬಿಸಿಯನ್ನು ಗೆದ್ದ ವೈನ್ ಇಲ್ಲವೆಂದಲ್ಲ. ಪೋರ್ಚುಗೀಸರ ಮದೇರಾ ದ್ವೀಪದ ವೈನ್ ಹಡಗಿನ ಹೊಟ್ಟೆಯಲ್ಲಿ ಉಷ್ಣವಲಯ ದಾಟಿ ಇಂಡೀಸ್‌ಗೆ ಹೋಗಿ ಹಿಂತಿರುಗಿದಾಗ ಕೆಡುವ ಬದಲು ಹೊಸ ರುಚಿ ಪಡೆದಿತ್ತು. ಆ ಪ್ರಯಾಣ ಮಾಡಿದ ವೈನಿಗೆ ಹೆಚ್ಚಿನ ಬೆಲೆ ಬಂತು. ಈಗ ಹಡಗು ಬೇಕಿಲ್ಲ, ಅಲ್ಲಿನ ಸಾಮಾನ್ಯ ದರ್ಜೆಯ ವೈನನ್ನು 45ರಿಂದ 50 ಡಿಗ್ರಿಯಲ್ಲಿ ಮೂರು ತಿಂಗಳು ಕಾಯಿಸಿಯೇ ತಯಾರಿಸುತ್ತಾರೆ. ಹೆಚ್ಚುವರಿ ಮದ್ಯಸಾರ ಸೇರಿಸಿ ಗಟ್ಟಿ ಮಾಡಿದ, ಬಿಸಿ ಮತ್ತು ಗಾಳಿಯನ್ನು ಮೊದಲೇ ಉಂಡ ಈ ವೈನಿಗೆ ಮುಂದೆ ಕೆಡಲು ಹೆಚ್ಚೇನೂ ಉಳಿದಿಲ್ಲ. ಕರಾವಳಿಯ ಕಪಾಟಿನಲ್ಲಿ ಧೈರ್ಯವಾಗಿ ಇಡಬಹುದಾದ ವೈನ್ ಇದ್ದರೆ ಅದು ಮದೇರಾ.

ಉಳಿದವಕ್ಕೆ ದಾರಿ ಫ್ರಿಜ್. ಅಲ್ಲಿನ 4–5 ಡಿಗ್ರಿ ಆದರ್ಶವಲ್ಲ, ಹಣ್ಣಾಗುವಿಕೆ ತೀರ ನಿಧಾನವಾಗುತ್ತದೆ, ಆದರೆ ಕೆಡುವುದೂ ನಿಧಾನವಾಗುತ್ತದೆ. ತಿರುಪಿನ ಮುಚ್ಚಳದ ಬಾಟಲಿಯನ್ನು ನಿಲ್ಲಿಸಿಯೇ ಇಡಬಹುದು. ಕಾರ್ಕಿನದ್ದನ್ನು ಮಲಗಿಸಬೇಕು, ಒಣಗಿದ ಕಾರ್ಕ್ ಗಾಳಿ ಬಿಡುತ್ತದೆ. ಕೊಳ್ಳುವಾಗ ಕಾರ್ಕ್ ಕೊರಳಿನಿಂದ ಮೇಲೆದ್ದಿದ್ದರೆ, ಕೊರಳಿನ ಸುತ್ತ ಅಂಟು ಒಸರಿದ್ದರೆ, ಬಿಳಿ ವೈನ್ ಚಹಾದ ಬಣ್ಣಕ್ಕೆ ತಿರುಗಿದ್ದರೆ ಅದು ಬಿಸಿ ತಿಂದ ಬಾಟಲಿ. ಎಷ್ಟೇ ರಿಯಾಯಿತಿ ಇದ್ದರೂ ಬಿಡಿ. ಬಿಸಿಲಿಗೆ ಮುಖಮಾಡಿದ ಗಾಜಿನ ಕಪಾಟಿನ ಸಾಲಿನಿಂದಲೂ ಕೊಳ್ಳಬೇಡಿ, ಬೆಳಕೂ ವೈನನ್ನು ಕೆಡಿಸುತ್ತದೆ. ಹೃದಯಕ್ಕೆ ಒಳ್ಳೆಯದೆಂದು ಯಾರಾದರೂ ಹೇಳಿದರೆ ನಂಬಬೇಡಿ. ಆರೋಗ್ಯಕ್ಕೆ ಸುರಕ್ಷಿತವೆನ್ನಬಹುದಾದ ಮದ್ಯದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿದೆ.

ಮೂಡುಬಿದಿರೆಯ ಓದುಗರಿಗೆ ಇಷ್ಟು ಹೇಳಬಹುದು. ಎರಡರಲ್ಲಿ ಒಂದು ಬಾಟಲಿಯನ್ನು ಮಗ ಮನೆಯಲ್ಲಿರುವಾಗಲೇ ಊಟಕ್ಕೆ ತೆರೆಯಿರಿ. ಬಾಯಿ ಒಣಗಿಸುವಷ್ಟು ಒಗರೂ ಹುಳಿಯೂ ಇದ್ದರೆ ಇನ್ನೊಂದನ್ನು ಬಟ್ಟೆಯಲ್ಲಿ ಸುತ್ತಿ ಫ್ರಿಜ್‌ನ ತಳದಲ್ಲಿ ಮಲಗಿಸಿ, ಎರಡು ವರ್ಷದೊಳಗೆ ಮುಗಿಸಿ. ಈಗಲೇ ಮೆದುವಾಗಿ, ಹಣ್ಣಿನ ಪರಿಮಳದಿಂದ ಕೂಡಿ ಹಿತವಾಗಿದ್ದರೆ ಇನ್ನೊಂದನ್ನೂ ಈ ಕ್ರಿಸ್ಮಸ್‌ಗೇ ತೆರೆಯಿರಿ. ಮಗಳ ಮದುವೆಗೆ ಆ ವರ್ಷದ ಹೊಸ ಬಾಟಲಿ ಕೊಂಡರಾಯಿತು.