ಅಳಿವೆಯಿಂದ ಅಂಟಾರ್ಕ್ಟಿಕಾದವರೆಗೆ: ಡಾ. ಸೈಯದ್ ಜಹೂರ್ ಖಾಸಿಂ ಅವರ ವಿಜ್ಞಾನ ಮತ್ತು ಆಡಳಿತ

1981ರ ಡಿಸೆಂಬರ್ 6ರಂದು ಗೋವಾ ತೀರದಿಂದ ‘ಪೋಲಾರ್ ಸರ್ಕಲ್’ ಎಂಬ ನಾರ್ವೆ ದೇಶದ ಬಾಡಿಗೆ ಹಡಗೊಂದು ದಕ್ಷಿಣಾಭಿಮುಖವಾಗಿ ಹೊರಟಿತು. ಅದರಲ್ಲಿದ್ದ 21 ಮಂದಿ ಭಾರತೀಯರು ಎಲ್ಲಿಗೆ ಹೋಗುತ್ತಿದ್ದಾರೆಂಬುದನ್ನು ಸರಕಾರವು ಗೋಪ್ಯವಾಗಿಟ್ಟಿತ್ತು. ಅವರು ಅಂಟಾರ್ಕ್ಟಿಕಾ ಖಂಡವನ್ನು ತಲುಪಿದ ಬಳಿಕವಷ್ಟೇ ಸುದ್ದಿ ಹೊರಬಿದ್ದಿತು. ತಂಡದ ನಾಯಕರಾಗಿದ್ದ ಡಾ. ಸೈಯದ್ ಜಹೂರ್ ಖಾಸಿಂ ಆಗ ಕೇಂದ್ರ ಸರಕಾರದ ಪರಿಸರ ಇಲಾಖೆಯ ಕಾರ್ಯದರ್ಶಿ. ಆದರೆ ಅವರ ಮೂಲ ವೃತ್ತಿ ಆಡಳಿತವಾಗಿರಲಿಲ್ಲ. ಮೀನಿನ ಜೀವನಕ್ರಮವನ್ನೂ ಅಳಿವೆಯ ನೀರನ್ನೂ ಅಭ್ಯಸಿಸಿದ ವಿಜ್ಞಾನಿ ಅವರು.

ಪ್ರಯೋಗಶಾಲೆಯ ಮೇಜನ್ನು ಬಿಟ್ಟು ಕಚೇರಿಯ ಕುರ್ಚಿಗೆ ಹೋದ ವಿಜ್ಞಾನಿ ವಿಜ್ಞಾನಕ್ಕೆ ನಷ್ಟವೆಂಬ ಮಾತು ನಮ್ಮಲ್ಲಿ ಆಗಾಗ ಕೇಳಿಬರುತ್ತದೆ. ಆ ಮಾತು ಎಷ್ಟರಮಟ್ಟಿಗೆ ನಿಜ ಎಂಬುದನ್ನು ಅರಿಯಲು ಖಾಸಿಂ ಅವರ ವೃತ್ತಿಜೀವನ ಒಳ್ಳೆಯ ನಿದರ್ಶನ. ಅದರ ನಡುಭಾಗವು ಗೋವಾದ ದೋನಾ ಪೌಲಾದಲ್ಲಿರುವ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯಲ್ಲಿ ಕಳೆದುದರಿಂದ, ಗೋವಾದಲ್ಲಿ ನೆಲೆಸಿರುವ ಕನ್ನಡಿಗರಿಗೂ ಕರಾವಳಿಯ ಗಡಿನಾಡಿನವರಿಗೂ ಈ ಕಥೆ ದೂರದ್ದಲ್ಲ.

ಖಾಸಿಂ ಅವರು 1926ರ ಡಿಸೆಂಬರ್ 31ರಂದು ಅಲಹಾಬಾದಿನಲ್ಲಿ ಜನಿಸಿದರು. ಅಲೀಗಢ ಮುಸ್ಲಿಂ ವಿಶ್ವವಿದ್ಯಾನಿಲಯದಲ್ಲಿ ಪ್ರಾಣಿಶಾಸ್ತ್ರವನ್ನು ಓದಿ, ಅಲ್ಲಿಯೇ ಅಧ್ಯಾಪಕರಾದರು. ಬಳಿಕ ಬ್ರಿಟನ್ನಿನ ಉತ್ತರ ವೇಲ್ಸ್‌ಗೆ ತೆರಳಿ, ಕಡಲಂಚಿನ ಬಂಡೆಗಳ ಸಂದಿಯಲ್ಲಿ ಬಾಳುವ ಚಿಕ್ಕ ಮೀನುಗಳ ಕುರಿತು ಸಂಶೋಧನೆ ನಡೆಸಿ 1956ರಲ್ಲಿ ಡಾಕ್ಟರೇಟ್ ಪಡೆದರು. ಅಂತಾರಾಷ್ಟ್ರೀಯ ಹಿಂದೂ ಮಹಾಸಾಗರ ಶೋಧಯಾತ್ರೆಯು 1960ರ ದಶಕದ ಆದಿಯಲ್ಲಿ ಭಾರತದ ವಿಜ್ಞಾನಿಗಳನ್ನು ಕಡಲಿನತ್ತ ಸೆಳೆದಾಗ, ಖಾಸಿಂ ಅವರೂ ಅದರೊಡನೆ ಸೇರಿ ಕೊಚ್ಚಿಗೆ ಬಂದರು. ಆ ಶೋಧಯಾತ್ರೆಯ ಫಲವಾಗಿಯೇ 1966ರ ಜನವರಿ 1ರಂದು ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆ ಹುಟ್ಟಿತು.

ಕೊಚ್ಚಿಯ ಹಿನ್ನೀರಿನಲ್ಲಿ ಅವರು ಮತ್ತು ಅವರ ಸಹೋದ್ಯೋಗಿಗಳು ಕೈಗೊಂಡ ಅಧ್ಯಯನವನ್ನು ಒಂದು ಮನೆಯ ಜಮಾಖರ್ಚಿಗೆ ಹೋಲಿಸಬಹುದು. ನೀರಿಗೆ ಎಷ್ಟು ಸೂರ್ಯಪ್ರಕಾಶ ಇಳಿಯುತ್ತದೆ? ಆ ಬೆಳಕಿನಿಂದ ಕಣ್ಣಿಗೆ ಕಾಣದ ಸಸ್ಯಪ್ಲವಕಗಳು ಎಷ್ಟು ಆಹಾರವನ್ನು ತಯಾರಿಸುತ್ತವೆ? ಅದರಲ್ಲಿ ಪ್ರಾಣಿಪ್ಲವಕಗಳು ತಿನ್ನುವುದೆಷ್ಟು, ಉಳಿಯುವುದೆಷ್ಟು? ಒಂದೊಂದು ಜೀವಿಯನ್ನು ಬೇರೆಬೇರೆಯಾಗಿ ನೋಡದೆ, ಬೆಳಕು, ಉಪ್ಪು, ಮಣ್ಣು, ಜೀವಿಗಳೆಲ್ಲವನ್ನೂ ಒಂದೇ ಲೆಕ್ಕದ ಪುಸ್ತಕದಲ್ಲಿ ಬರೆಯುವುದೇ ಪರಿಸರವ್ಯೂಹ ವಿಜ್ಞಾನದ ಕ್ರಮ. ಈ ಲೆಕ್ಕದಲ್ಲಿ ಎದ್ದು ಕಂಡ ಸಂಗತಿಯೆಂದರೆ, ತಯಾರಾದ ಆಹಾರದಲ್ಲಿ ಪ್ರಾಣಿಪ್ಲವಕಗಳ ಪಾಲು ಅಲ್ಪವೇ ಆಗಿತ್ತು. ಉಳಿದುದರಲ್ಲಿ ಬಹುಭಾಗ ಕೊಳೆತ ಸಾವಯವ ಕಣಗಳಾಗಿ ತಳಕ್ಕೆ ಇಳಿದು, ಅಲ್ಲಿನ ಜೀವಿಗಳಿಗೆ ಆಹಾರವಾಗುತ್ತದೆ.

ಮಳೆಗಾಲದ ಪಾತ್ರವನ್ನೂ ಈ ಅಧ್ಯಯನಗಳು ಸ್ಪಷ್ಟಪಡಿಸಿದವು. ಜೂನ್ ಬಂದೊಡನೆ ಅಳಿವೆಯ ನೀರು ಕದಡಿ ಕೆಂಪಾಗುತ್ತದೆ, ಉಪ್ಪಿನಂಶ ಕುಸಿಯುತ್ತದೆ. ಹೊರನೋಟಕ್ಕೆ ಇದು ಜೀವಿಗಳಿಗೆ ಸಂಕಷ್ಟದ ಕಾಲವೆಂದು ತೋರಬಹುದು. ಆದರೆ ಈ ನೀರಿನ ಅನೇಕ ಸಸ್ಯಪ್ಲವಕಗಳು ಕಡಲಿನ ಪೂರ್ಣ ಉಪ್ಪಿಗಿಂತ ಕಡಿಮೆ ಉಪ್ಪಿನಲ್ಲಿಯೇ ಚೆನ್ನಾಗಿ ಆಹಾರ ತಯಾರಿಸುತ್ತವೆಂದು ಪ್ರಯೋಗಗಳಿಂದ ತಿಳಿದುಬಂದಿತು. ಚಂದ್ರಗಿರಿ, ನೇತ್ರಾವತಿ, ಅಘನಾಶಿನಿ, ಕಾಳಿ ನದಿಗಳ ಅಳಿವೆಗಳೂ ಇದೇ ಮಳೆಯ ಲಯಕ್ಕೆ ಒಳಪಟ್ಟವು. ನದಿಯ ಸಿಹಿನೀರು ಕಡಲಿಗೆ ಸೇರಿ ‘ವ್ಯರ್ಥವಾಗುತ್ತದೆ’ ಎಂದು ಹೇಳುವವರು ಈ ಲೆಕ್ಕವನ್ನು ಒಮ್ಮೆ ಗಮನಿಸಬೇಕು.

1970ರಲ್ಲಿ ಖಾಸಿಂ ಅವರು ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನ ಸಂಸ್ಥೆಯ ನಿರ್ದೇಶಕರಾದರು. 1974ರಲ್ಲಿ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಗೋವಾಕ್ಕೆ ಬಂದರು. ಇಲ್ಲಿಂದ ಅವರ ಕೆಲಸದ ಸ್ವರೂಪವೇ ಬದಲಾಯಿತು. ಸಂಶೋಧನೆಯ ನಿರ್ವಾಹಕನಾದವನು ತಾನೇ ನೀರಿನ ಮಾದರಿಯನ್ನು ಪರೀಕ್ಷಿಸುವುದಿಲ್ಲ. ಯಾವ ಪ್ರಶ್ನೆಯನ್ನು ಮೊದಲು ಎತ್ತಿಕೊಳ್ಳಬೇಕು, ಅದಕ್ಕೆ ಯಾವ ಹಡಗು, ಯಾವ ಉಪಕರಣ, ಎಷ್ಟು ಹಣ ಬೇಕು, ಜೀವಶಾಸ್ತ್ರಜ್ಞನನ್ನೂ ಭೂವಿಜ್ಞಾನಿಯನ್ನೂ ರಸಾಯನಶಾಸ್ತ್ರಜ್ಞನನ್ನೂ ಒಂದೇ ಕೆಲಸಕ್ಕೆ ಹೇಗೆ ಕೂಡಿಸಬೇಕು ಎಂಬುದನ್ನು ಅವನು ನಿರ್ಧರಿಸುತ್ತಾನೆ. ಅವನ ನಿರ್ಧಾರ ತಪ್ಪಿದರೆ ನೂರಾರು ಜನರ ವರ್ಷಗಳು ವ್ಯರ್ಥವಾಗುತ್ತವೆ.

ಸ್ವಂತ ಹಡಗಿಲ್ಲದ ಸಮುದ್ರವಿಜ್ಞಾನವು ದಡದಲ್ಲೇ ಉಳಿಯುವ ವಿಜ್ಞಾನ. 1976ರಲ್ಲಿ ‘ಗವೇಷಣಿ’ ಎಂಬ ಸಂಶೋಧನ ನೌಕೆ ಸಂಸ್ಥೆಯ ಸೇವೆಗೆ ಬಂದಿತು. 1981ರ ಜನವರಿ 26ರಂದು ಅದೇ ನೌಕೆ ಸಾಗರತಳದಿಂದ ಬಹುಲೋಹೀಯ ಗಂಟುಗಳನ್ನು ಮೇಲೆತ್ತಿತು. ಆಲೂಗಡ್ಡೆಯಂತೆ ಕಾಣುವ ಈ ಗಂಟುಗಳಲ್ಲಿ ಮ್ಯಾಂಗನೀಸ್ ಜೊತೆಗೆ ನಿಕ್ಕಲ್, ತಾಮ್ರ, ಕೋಬಾಲ್ಟ್ ಇರುತ್ತವೆ. ಆ ವೇಳೆಗೆ ಸಮುದ್ರ ಕಾನೂನಿನ ಕುರಿತ ವಿಶ್ವಸಂಸ್ಥೆಯ ಮಾತುಕತೆ ಅಂತಿಮ ಹಂತದಲ್ಲಿತ್ತು. ಮೊದಲೇ ಶೋಧನೆ ನಡೆಸಿ ವೆಚ್ಚಮಾಡಿದ ದೇಶಗಳಿಗೆ ವಿಶೇಷ ಸ್ಥಾನ ದೊರೆಯುವುದಿತ್ತು. ಆದುದರಿಂದ ಆ ಗಂಟುಗಳ ಬೆಲೆ ಲೋಹದ ಬೆಲೆಯಷ್ಟೇ ಆಗಿರಲಿಲ್ಲ. 1987ರಲ್ಲಿ ಭಾರತವು ‘ಆದ್ಯ ಹೂಡಿಕೆದಾರ’ ರಾಷ್ಟ್ರವಾಗಿ ನೋಂದಣಿಗೊಂಡು, ಮಧ್ಯ ಹಿಂದೂ ಮಹಾಸಾಗರದಲ್ಲಿ 1,50,000 ಚದರ ಕಿಲೋಮೀಟರ್ ಪ್ರದೇಶವನ್ನು ಪಡೆಯಿತು.

1981ರಲ್ಲಿ ಅವರು ದಿಲ್ಲಿಗೆ ಕಾರ್ಯದರ್ಶಿಯಾಗಿ ಹೋದರೂ ಕಡಲಿನ ನಂಟು ಕಡಿಯಲಿಲ್ಲ. ಅಂಟಾರ್ಕ್ಟಿಕಾ ಯಾತ್ರೆಯ ನಡುವೆ, ಹಡಗಿನಲ್ಲಿಯೇ, ಅವರಿಗೆ 55 ವರ್ಷ ತುಂಬಿತು. 1982ರ ಜನವರಿ 9ರಂದು ತಂಡವು ಹಿಮಖಂಡದ ಮೇಲೆ ಕಾಲಿರಿಸಿ, ಫೆಬ್ರವರಿ 21ರಂದು ಗೋವಾಕ್ಕೆ ಮರಳಿತು. ಮುಂದೆ ಸಾಗರಾಭಿವೃದ್ಧಿ ಇಲಾಖೆಯ ಕಾರ್ಯದರ್ಶಿಯಾಗಿ 1988ರವರೆಗೆ ಅವರು ಈ ಕಾರ್ಯಕ್ಕೆ ಮುಂದುವರಿಕೆಯನ್ನು ಒದಗಿಸಿದರು. 1983ರಲ್ಲಿ ಭಾರತವು ಅಂಟಾರ್ಕ್ಟಿಕಾ ಒಪ್ಪಂದಕ್ಕೆ ಸೇರಿತು. ಅನಂತರದ ಯಾತ್ರೆಯೊಂದರಲ್ಲಿ ‘ದಕ್ಷಿಣ ಗಂಗೋತ್ರಿ’ ನೆಲೆಯೂ ಸಿದ್ಧವಾಯಿತು. ಒಂದು ಯಾತ್ರೆ ಸಾಹಸವೆನಿಸಬಹುದು. ವರ್ಷವರ್ಷವೂ ನಡೆಯುವ ಯಾತ್ರೆ ಮಾತ್ರ ವಿಜ್ಞಾನವಾಗುತ್ತದೆ.

ಹಾಗಾದರೆ ನಷ್ಟವೇ ಆಗಲಿಲ್ಲವೇ? ಆಯಿತೆಂದೇ ಹೇಳಬೇಕು. ಹಿನ್ನೀರಿನ ಬೆಳಕನ್ನೂ ಉಪ್ಪನ್ನೂ ದಿನಗಟ್ಟಲೆ ಅಳೆಯುವ ತಾಳ್ಮೆಯ ಕೆಲಸಕ್ಕೆ ಕಡತಗಳ ನಡುವೆ ಸಮಯ ಸಿಗದು. ಆದರೂ 1981ರಲ್ಲಿ ಆರ್. ಸೇನ್‌ಗುಪ್ತಾ ಅವರೊಡನೆ ಅವರು ಗೋವಾದ ಮಾಂಡವಿ ಮತ್ತು ಜುವಾರಿ ಅಳಿವೆಗಳ ಪರಿಸರದ ಕುರಿತು ಬರೆದ ಪ್ರಬಂಧ ಪ್ರಕಟವಾಯಿತು. ಕುಂಭಾರ್ಜುವಾ ಕಾಲುವೆಯಿಂದ ಪರಸ್ಪರ ಕೂಡಿಕೊಂಡಿರುವ ಈ ಎರಡು ನದಿಗಳಲ್ಲಿ ಮಳೆಗಾಲದಲ್ಲಿ ಸಿಹಿನೀರಿನದೇ ಮೇಲುಗೈ. ಉಳಿದ ತಿಂಗಳುಗಳಲ್ಲಿ ಕಡಲಿನ ಉಪ್ಪು ಬಹುದೂರ ಒಳನುಗ್ಗುತ್ತದೆ.

ಈ ಮಾಂಡವಿಯೇ ಕನ್ನಡಿಗರ ಮಹಾದಾಯಿ. ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನಲ್ಲಿ ಹುಟ್ಟಿ ಪಣಜಿಯ ಬಳಿ ಕಡಲನ್ನು ಸೇರುವ ಈ ನದಿಯ ನೀರಿಗಾಗಿ ಎರಡು ರಾಜ್ಯಗಳು ವಾದಿಸುತ್ತಿವೆ. ಗೋವಾದಲ್ಲಿ ನೆಲೆಸಿ, ಕರ್ನಾಟಕದಲ್ಲಿ ಬಂಧುಗಳನ್ನು ಹೊಂದಿರುವ ಕನ್ನಡಿಗನಿಗೆ ಈ ವಾದದಲ್ಲಿ ಎರಡೂ ಕಡೆಯ ನೋವು ಅರ್ಥವಾಗುತ್ತದೆ. ಮೇಲಿನ ಊರಿಗೆ ಕುಡಿಯುವ ನೀರು ಬೇಕು. ಕೆಳಗಿನ ಅಳಿವೆಗೂ ಸಿಹಿನೀರು ಬೇಕು. ಎಷ್ಟು ನೀರು ತಿರುಗಿಸಿದರೆ ಉಪ್ಪು ಎಲ್ಲಿಯವರೆಗೆ ಏರುತ್ತದೆ ಎಂಬುದನ್ನು ಘೋಷಣೆಗಳು ಹೇಳಲಾರವು. ದಶಕಗಳ ಕಾಲ ಅಳೆದಿಟ್ಟ ಅಂಕಿಗಳು ಮಾತ್ರ ಹೇಳಬಲ್ಲವು. ಅಂತಹ ಅಂಕಿಗಳನ್ನು ಒಬ್ಬ ವಿಜ್ಞಾನಿ ತನ್ನ ಆಯುಷ್ಯದಲ್ಲಿ ಕೂಡಿಸಲಾರ. ಅದು ಸಂಸ್ಥೆಗಳ ಕೆಲಸ.

ಖಾಸಿಂ ಅವರು ಮುಂದೆ ಜಾಮಿಯಾ ಮಿಲಿಯಾ ಇಸ್ಲಾಮಿಯಾದ ಕುಲಪತಿಯಾಗಿ, ಯೋಜನಾ ಆಯೋಗದ ಸದಸ್ಯರಾಗಿ ಸೇವೆ ಸಲ್ಲಿಸಿ, 2015ರ ಅಕ್ಟೋಬರ್ 20ರಂದು ನಿಧನರಾದರು. ಅವರು ಗೋವಾವನ್ನು ಬಿಟ್ಟ ಎಷ್ಟೋ ವರ್ಷಗಳ ಬಳಿಕ, 1997ರಲ್ಲಿ, ಅದೇ ಸಮುದ್ರವಿಜ್ಞಾನ ಸಂಸ್ಥೆಯು ಗಂಟುಗಳಿರುವ ಸಾಗರತಳದ ಒಂದು ತುಂಡನ್ನು ಉದ್ದೇಶಪೂರ್ವಕವಾಗಿ ಕದಡಿ, ಗಣಿಗಾರಿಕೆ ನಡೆದರೆ ಅಲ್ಲಿನ ಜೀವಿಗಳ ಗತಿಯೇನು ಎಂದು ಪರೀಕ್ಷಿಸಿತು. 1998ರಲ್ಲಿ ವಾಸ್ಕೋದಲ್ಲಿ ಧ್ರುವ ಸಂಶೋಧನೆಗೆಂದೇ ಪ್ರತ್ಯೇಕ ಕೇಂದ್ರ ಆರಂಭವಾಯಿತು. ಸಂಪತ್ತನ್ನು ಹುಡುಕಿದ ಸಂಸ್ಥೆಯೇ ಅದನ್ನು ತೆಗೆಯುವುದರ ಹಾನಿಯನ್ನೂ ಲೆಕ್ಕಹಾಕಿತು ಎಂಬುದು ಗಮನಾರ್ಹ. ಅಳಿವೆಯ ಜಮಾಖರ್ಚನ್ನು ಬರೆದ ವಿಜ್ಞಾನಿಯ ಕ್ರಮವೂ ಇದೇ ಆಗಿತ್ತು.

ವಾಸ್ಕೋ, ಜುವಾರಿನಗರಗಳ ಕನ್ನಡ ಮನೆಗಳಿಂದ ಈ ಎರಡು ಸಂಸ್ಥೆಗಳೂ ಹೆಚ್ಚು ದೂರವಿಲ್ಲ. ಆ ಮನೆಗಳ ಮಕ್ಕಳು ಅಲ್ಲಿಗೆ ವಿದ್ಯಾರ್ಥಿಗಳಾಗಿ, ವಿಜ್ಞಾನಿಗಳಾಗಿ ಪ್ರವೇಶಿಸುವ ದಿನ ಬರಬೇಕು. ಮಹಾದಾಯಿಯ ಎರಡೂ ತುದಿಗಳನ್ನು ಬಲ್ಲವರ ಕೈಯಲ್ಲಿ ಆ ಲೆಕ್ಕದ ಪುಸ್ತಕ ಮುಂದುವರಿಯಬೇಕು.